ಒಂದೇ ಸಲದ ಬ್ಯಾಡ

ಬಿಲಾಯತಿಗೆ ಹೋಗಿ ಬಂದವರು ಏನೇನೋ ತರುತ್ತಾರೆ. ಕೆಲವರು ಕೋಟು ತರುತ್ತಾರೆ, ಕೆಲವರು ಗಡಿಯಾರ ತರುತ್ತಾರೆ, ಧೈರ್ಯ ಇದ್ದವರು ಒಬ್ಬ ಮಡದಿಯನ್ನೇ ತರುತ್ತಾರೆ. ನಮ್ಮ ಪಂಚಾಕ್ಷರಪ್ಪ ಮಾತ್ರ ಒಂದು ಸಿದ್ಧಾಂತ ತಂದ. ಕೋಟಾಗಿದ್ದರೆ ಗೂಟಕ್ಕೆ ನೇತುಹಾಕಿ ಸುಮ್ಮನಿರಬಹುದಿತ್ತು. ಸಿದ್ಧಾಂತ ನೋಡಿ, ಅದು ಮನೆ ತುಂಬ ಓಡಾಡತೊಡಗಿತು.

ಅವನು ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಮೇಸ್ತ್ರಿ. ಹೊಸ ನೂಲುವ ಯಂತ್ರಗಳನ್ನು ಕಲಿತು ಬಾ ಎಂದು ಗಿರಣಿಯವರು ಐವತ್ತೇಳನೇ ಇಸವಿಯಲ್ಲಿ ಅವನನ್ನು ಹಡಗು ಹತ್ತಿಸಿದರು. ಮ್ಯಾಂಚೆಸ್ಟರ್ ಪಕ್ಕದ ಊರೊಂದರಲ್ಲಿ ಮಿಸೆಸ್ ಡಾಸನ್ ಎಂಬ ವಿಧವೆಯ ಮನೆಯಲ್ಲಿ ಎರಡು ವರ್ಷ ಬಿಡಾರ. ಆ ಐದಕ್ಷರದ ಹೆಸರು ಆಕೆಯ ನಾಲಿಗೆಗೆ ಹತ್ತದೆ 'ಮಿಸ್ಟರ್ ಪಂಚ್' ಆಯಿತು. ಹೆಸರು ಕರಗಿದಂತೆ ಮೊದಲ ಹದಿನೈದು ದಿನಗಳಲ್ಲಿ ಆಸಾಮಿಯೂ ಕರಗಿದ. ಕಾರಣ ಇಷ್ಟೆ: ಮೊದಲ ದಿನ ಊಟದಲ್ಲಿ ಆಕೆ "ಇನ್ನಷ್ಟು ಆಲೂಗಡ್ಡೆ?" ಎಂದು ಕೇಳಿದಳು. ಇವನು ಮರ್ಯಾದಸ್ತರ ಮನೆಯ ಮಗ. "ನೋ ನೋ" ಎಂದು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. ಆಕೆ "ಸರಿ" ಎಂದು ಪಾತ್ರೆ ಒಳಗಿಟ್ಟಳು. ಅಡ್ಡ ಹಿಡಿದ ಕೈ ಹಾಗೇ ಇತ್ತು, ಅದನ್ನು ಸರಿಸಿ ಬಡಿಸುವವರೇ ಬರಲಿಲ್ಲ.

ಹದಿನಾರನೆಯ ದಿನ, ಕೇಳಿದ ಕೂಡಲೇ "ಹಾಕಿ" ಎನ್ನಲು ಕಲಿತ. ಹೊಟ್ಟೆ ತುಂಬಿದ ಮೇಲೆ ಮನುಷ್ಯನಿಗೆ ತತ್ತ್ವ ಹೊಳೆಯುತ್ತದೆ. ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ. ಎಷ್ಟು ಚೊಕ್ಕ, ಎಷ್ಟು ಸಮಯ ಉಳಿತಾಯ! ನಮ್ಮ ದೇಶ ಹಿಂದುಳಿದಿರುವುದೇ ಈ ಉಪಚಾರದ ಎಳೆದಾಟದಿಂದ ಎಂದು ಅವನಿಗೆ ಖಾತ್ರಿಯಾಯಿತು. ಊರಿಗೆ ಮರಳಿದ ಮೇಲೆ ಈ ಸತ್ಯವ್ರತವನ್ನು ಮನೆಯಿಂದಲೇ ಶುರು ಮಾಡಿದ.

ಮೊದಲು ಸಿಕ್ಕಿದವರು ಪಕ್ಕದ ಮನೆಯ ಖತೀಜಾಬೀ. ಇವನನ್ನು ಎತ್ತಿ ಆಡಿಸಿದ ಮುದುಕಿ, ನೋಡಿಕೊಂಡು ಹೋಗಲು ಬಂದಿದ್ದರು. "ಚಾ ಕುಡೀತೀರಾ?" ಎಂದ. "ಬ್ಯಾಡಪ್ಪಾ" ಎಂದರು. "ಸರಿ" ಎಂದ. ಆಕೆ ಒಂದು ತಾಸು ಕೂತು, ಅಡುಗೆಮನೆಯ ಕಡೆ ನೋಡಿ ನೋಡಿ ಎದ್ದುಹೋದರು. ಸಂಜೆ ಹಿತ್ತಲಿನ ಗೋಡೆಯ ಮೇಲಿಂದ ಪಂಚಾಕ್ಷರಪ್ಪನ ಹೆಂಡತಿ ಶಕುಂತಲಮ್ಮನನ್ನು ಕೇಳಿದರು: "ಶಕುಂತಲಾ, ನಿಮ್ಮ ಯಜಮಾನ್ರಿಗೆ ಅಲ್ಲಿ ಚಳಿ ಏನಾರ ತಲೆಗೆ ಏರೈತೇನಮ್ಮ?"

"ಹಕೀಮರಿಗೆ ತೋರಿಸ್ಬೇಕು ಅಂತ ಮಾಡೀನಿ" ಎಂದಳು ಶಕುಂತಲಮ್ಮ.

ಇಲ್ಲಿಗೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ತಂಗಿ ಹಾಲಮ್ಮ ಇದ್ದಳು. ತಂದೆ ತೀರಿಕೊಂಡಿದ್ದರು, ಅವಳ ಮದುವೆಯ ಭಾರ ಅಣ್ಣನದು. ಮೂರು ಕಡೆಯವರು ಬಂದು ನೋಡಿ ಹೋಗಿದ್ದರು, ಯಾವುದೂ ಕೂಡಿಬಂದಿರಲಿಲ್ಲ. ನಾಲ್ಕನೆಯದು ಹರಿಹರದ ಬಕ್ಕೇಶಪ್ಪನವರ ಮನೆತನ. ಮಗ ನಾಗರಾಜ ಹೈಸ್ಕೂಲು ಮೇಷ್ಟ್ರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿಯಾಗಿತ್ತು. ಮುಂದಿನ ಭಾನುವಾರ ಬಕ್ಕೇಶಪ್ಪನವರು ಇಬ್ಬರು ಹಿರಿಯರೊಂದಿಗೆ ಮತ್ತೆ ಬಂದರು. ಏಕೆ ಬಂದರೆಂದು ಅಡುಗೆಮನೆಗೆ ಗೊತ್ತಿತ್ತು. ತಾಯಿ ಮರುಳಸಿದ್ದಮ್ಮ ನಸುಕಿಗೇ ಎದ್ದು ಹೂರಣ ರುಬ್ಬಿ ನಲವತ್ತೆಂಟು ಹೋಳಿಗೆ ತಟ್ಟಿದ್ದರು.

ಮಾತುಕತೆ ಹತ್ತಿ ಬೆಳೆಯಿಂದ ಹಿಡಿದು ಹರಿಹರದ ಸೇತುವೆಯವರೆಗೆ ನಡೆಯಿತು. ಹನ್ನೆರಡು ಹೊಡೆಯಿತು.

"ಊಟಕ್ಕೆ ಏಳ್ರಿ ಯಜಮಾನ್ರೆ" ಎಂದ ಪಂಚಾಕ್ಷರಪ್ಪ.

"ಛೇ ಛೇ, ಬ್ಯಾಡ್ರಿ. ಈಗಷ್ಟೇ ಮನ್ಯಾಗೆ ಉಂಡ್ಕೊಂಡು ಬಂದೀವಿ" ಎಂದರು ಬಕ್ಕೇಶಪ್ಪನವರು, ಅಂಗಿಯ ತೋಳು ಮಡಿಚುತ್ತ.

(ಈ ಮಾತನ್ನು ನಂಬುವವನು ಇಡೀ ತಾಲ್ಲೂಕಿನಲ್ಲಿ ಆ ಹೊತ್ತಿಗೆ ಒಬ್ಬನೇ ಇದ್ದ.)

"ಆಗ್ಲಿ ಬಿಡ್ರಿ" ಎಂದ ಅವನು.

ಒಳಗೆ ಸೌಟು ಬಿತ್ತು. ಶಕುಂತಲಮ್ಮನ ಬಳೆಗಳು ಸದ್ದು ಮಾಡಿದವು. ಮರುಳಸಿದ್ದಮ್ಮನವರಿಗೆ ಇದ್ದಕ್ಕಿದ್ದಂತೆ ನಾಯಿಕೆಮ್ಮು ಬಂತು. ಪಂಚಾಕ್ಷರಪ್ಪ ಬಾಗಿಲ ಕಡೆ ತಿರುಗಿ ಸಮಾಧಾನದ ದನಿಯಲ್ಲಿ, "ಅವ್ವಾ, ಅವರಿಗೆ ಹಸಿವಿಲ್ಲಂತೆ. ಬಲವಂತ ಮಾಡಬಾರ್ದು" ಎಂದ.

ಬಕ್ಕೇಶಪ್ಪನವರು ಮಡಿಚಿದ ತೋಳನ್ನು ನಿಧಾನವಾಗಿ ಇಳಿಸಿದರು.  ಆಮೇಲೆ, "ಹಂಗಾರೆ ನಾವು ಬರ್ತೀವ್ರಿ" ಎಂದರು. ನಮ್ಮ ಕಡೆ ಮೊದಲನೆಯ 'ಬರ್ತೀವಿ' ಎಂದರೆ ಇನ್ನೂ ಒಂದು ತಾಸು ಇರುತ್ತೇವೆ ಎಂದು. ಪಂಚಾಕ್ಷರಪ್ಪನೋ ಅವರ ಮಾತಿಗೆ ಬೆಲೆ ಕೊಟ್ಟು, ತಾನೇ ಬೀದಿಯ ತುದಿಗೆ ಓಡಿ ಜಮಾಲುದ್ದೀನನ ಜಟಕಾ ಕರೆತಂದ. ಬೀಗರನ್ನು ಕೈಹಿಡಿದು ಹತ್ತಿಸಿ, ಒಳ್ಳೆಯ ಕೆಲಸ ಮಾಡಿದವನ ಮುಖ ಹೊತ್ತು ಒಳಗೆ ಬಂದ.

ಒಳಗೆ ತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಮನೆಗೆ ಬಂದ ಲಕ್ಷ್ಮಿನ ಜಟಕಾ ಹತ್ತಿಸಿ ಕಳಿಸಿದೆಲ್ಲೋ" ಎಂದರು.

"ಅವರೇ ಬ್ಯಾಡ ಅಂದ್ರಲ್ಲವ್ವ."

"ಬ್ಯಾಡ ಅನ್ನದೆ ಏನಂತಾರೆ? ಕೂತ ಕೂಡ್ಲೆ ಹಾಕ್ರಿ ಅನ್ನಾಕೆ ಅವರೇನು ಬರಗೆಟ್ಟು ಬಂದೋರಾ? ನಮ್ಮ ಹಿರೇರು ಹೂಂ ಅಂತ ಬಾಯಾಗೆ ಹೇಳಿದ್ದು ಯಾವಾಗ ಕೇಳೀಯ ನೀನು? ಹೋಳಿಗೆ ಮುರಿದು ಬಾಯಿಗಿಟ್ರೆ ಸಂಬಂಧ ಒಪ್ಪಿದಂಗೆ. ಮನಸ್ಸಿಲ್ದೋರು ಬರೇ ನೀರು ಕುಡಿದು ಹೋಗ್ತಾರೆ. ಇವರಿಗೆ ನೀನು ನೀರೂ ಕೊಡ್ಲಿಲ್ಲ."

"ಒಪ್ಪಿಗೆ ಇದ್ರೆ ಬಾಯಿಬಿಟ್ಟು ಹೇಳ್ಬೇಕವ್ವ. ಇಂಗ್ಲೆಂಡಿನಾಗೆ..."

"ಇಂಗ್ಲೆಂಡಿನಾಗೆ ನಿನ್ನ ತಂಗಿಗೆ ಗಂಡು ನೋಡೀಯೇನು?" ಎಂದಳು ಶಕುಂತಲಮ್ಮ. ಗಂಡನಿಗೆ ಅವಳು ಏಕವಚನ ಬಳಸಿದ್ದು ಮದುವೆಯಾದ ಮೇಲೆ ಅದೇ ಮೊದಲು. ಪಂಚಾಕ್ಷರಪ್ಪ ಪ್ರಕರಣದ ಗಾಂಭೀರ್ಯವನ್ನು ಅದರಿಂದ ಅಳೆದುಕೊಂಡ.

ಅಷ್ಟರಲ್ಲಿ ಜಮಾಲುದ್ದೀನ್ ಜಟಕಾ ಸಮೇತ ವಾಪಸು ಬಂದ. "ಅಣ್ಣಾರ, ಆ ಹರಿಹರದ ಯಜಮಾನ್ರು ದಾರಿ ಉದ್ದಕ್ಕೂ ತುಟಿ ಬಿಚ್ಚಲಿಲ್ರಿ. ಬಸ್ ಸ್ಟ್ಯಾಂಡಿನಾಗೆ ಇಳಿದೋರೆ ಮೂರು ಮೂರು ಪ್ಲೇಟು ಮಂಡಕ್ಕಿ, ಅದರ ಮ್ಯಾಲೆ ಮೆಣಸಿನಕಾಯಿ ಬಜ್ಜಿ ತಿಂದ್ರು. 'ಹೆಣ್ಣಿನ ಅಣ್ಣಗೆ ನಮ್ಮ ಸಂಬಂಧ ಬ್ಯಾಡಂತೆ ಕಾಣ್ತೈತೆ, ಬಾಯಿಬಿಟ್ಟು ಹೇಳಾಕೆ ದಾಕ್ಷಿಣ್ಯ' ಅಂತಿದ್ರು. ಏನಾರ ಜಗಳ ಆತೇನ್ರಿ?"

ಹಾಲಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಹೋಳಿಗೆಯ ಬುಟ್ಟಿಗೆ ಬಟ್ಟೆ ಮುಚ್ಚಿ, ಅಣ್ಣನ ಮುಂದೆ ಬಂದು ನಿಂತಳು.

"ಮೊದಲು ಬಂದ ಮೂರು ಮಂದಿ ರೊಟ್ಟಿ ತಟ್ಟಾಕೆ ಬರುತ್ತಾ ಅಂತ ಕೇಳಿದ್ರು ಅಣ್ಣ. ಹರಿಹರದ ಮೇಷ್ಟ್ರು ಒಬ್ಬರೇ ಏನು ಓದ್ತೀಯ ಅಂತ ಕೇಳಿದ್ದು. ನನಗೆ ಮನಸ್ಸಾಗಿತ್ತು" ಎಂದು ಹೇಳಿ ಒಳಗೆ ಹೋದಳು. ಆಮೇಲೆ ನಾಲ್ಕು ದಿನ ಅವನ ಜೊತೆ ಮಾತಿಲ್ಲ. ಊಟಕ್ಕೆ ಬಡಿಸುವಾಗ ಸೌಟು ಎತ್ತಿ ತೋರಿಸುವಳು, ಇವನು ತಲೆ ಆಡಿಸಿದರೆ ತಿರುಗಿ ನೋಡದೆ ಹೋಗುವಳು. ಸಾಕ್ಷಾತ್ ಮಿಸೆಸ್ ಡಾಸನ್. ಸಿದ್ಧಾಂತಕ್ಕೆ ಮೊದಲ ಬಾರಿ ಬಿರುಕು ಬಿಟ್ಟದ್ದು ಆಗ.

"ಹರಿಹರಕ್ಕೆ ಹೋಗಿ ಅವರ ಮನ್ಯಾಗೆ ಉಂಡು ಬಾ. ನೀನು ಅವರ ಹೋಳಿಗೆ ತಿಂದ್ರೆ ನಮ್ಮ ಕಡೆಯಿಂದ ಹೂಂ ಅಂದಂಗೆ. ಬ್ಯಾರೆ ದಾರಿ ಇಲ್ಲ" ಎಂದು ಶಕುಂತಲಮ್ಮ ತೀರ್ಪು ಕೊಟ್ಟಳು. ಆದರೆ ಈ ಗಂಡ ಅಲ್ಲಿ ಮೊದಲ ಸಲಕ್ಕೇ "ಹಾಕ್ರಿ" ಎಂದುಬಿಟ್ಟರೆ ಇನ್ನೊಂದು ಅನಾಹುತ. ಹಾಗಾಗಿ ತಾಲೀಮು ನಡೆಯಿತು. ಖಾಲಿ ತಟ್ಟೆಯ ಮುಂದೆ ಪಂಚಾಕ್ಷರಪ್ಪ, ಖಾಲಿ ಬುಟ್ಟಿ ಹಿಡಿದು ತಾಯಿ.

"ಹಾಕ್ಸಿಕೋ."

"ಬ್ಯಾಡ."

"ಇನ್ನೂ ನಾಚಿಕೆಯಿಂದ ಅನ್ನು. ಹೊಟ್ಟೆ ಮುಟ್ಟಿಕೋ."

"ಬ್ಯಾಡ್ರಿ, ಉಂಡೇ ಬಂದೀನಿ."

"ಹಾಂ. ಇಂಥವು ನಾಲ್ಕು ಆಗ್ಬೇಕು. ಐದನೇದಕ್ಕೆ 'ನಿಮ್ಮ ಮಾತು ಮೀರಾಕಾಗುತ್ತಾ' ಅಂತ ಕೈ ಹಿಂದಕ್ಕೆ ತಗೋ."

ಬರುತ್ತೇನೆಂದು ಮೊದಲೇ ಹೇಳಿಕಳಿಸಿ, ಗುರುವಾರ ರಜೆ ಹಾಕಿ ಹೊರಟ. ಹೊಟ್ಟೆಯಲ್ಲಿ ಜಾಗವಿರಲಿ ಎಂದು ತಾಯಿ ಬೆಳಗಿನ ತಿಂಡಿ ಕೊಡಲಿಲ್ಲ. ಬಸ್ಸಿನ ಕುಲುಕಾಟದಲ್ಲಿ ಉದ್ದಕ್ಕೂ ನಾಲ್ಕು ಬ್ಯಾಡಗಳನ್ನು ಬಾಯಿಪಾಠ ಮಾಡಿಕೊಂಡು ಹರಿಹರದಲ್ಲಿ ಇಳಿದ.

ಬಕ್ಕೇಶಪ್ಪನವರು ಬಾಗಿಲಿಗೇ ಬಂದು "ಬರ್ರಿ, ಕೂಡ್ರಿ" ಎಂದು ನಗುನಗುತ್ತ ಕರೆದೊಯ್ದರು. ಮುಖದಲ್ಲಿ ಮುನಿಸಿನ ಗುರುತೇ ಇರಲಿಲ್ಲ. ಒಳಗಿನಿಂದ ತುಪ್ಪ ಕಾಯುವ ವಾಸನೆ ಬಂತು. 

"ಊಟಕ್ಕೆ ಏಳ್ರಿ" ಎಂದರು ಬಕ್ಕೇಶಪ್ಪನವರು.

ಅವನು ನಾಚಿದ, ಹೊಟ್ಟೆ ಮುಟ್ಟಿಕೊಂಡ. "ಬ್ಯಾಡ್ರಿ, ಉಂಡೇ ಬಂದೀನಿ."

"ಆತು ಬಿಡ್ರಿ."

ಪಂಚಾಕ್ಷರಪ್ಪ ಎರಡನೆಯದಕ್ಕೆ ಕಾದ. 

"ನಿಮ್ಮ ಪದ್ಧತಿ ಈಗ ನಮಗೂ ತಿಳಿದೈತ್ರಿ" ಎಂದು ಬಕ್ಕೇಶಪ್ಪನವರು ಹೆಮ್ಮೆಯಿಂದ ಹೇಳಿದರು. "ಅವತ್ತು ನನಗೆ ಸಿಟ್ಟು ಬಂದಿದ್ದು ಖರೆ. ನಮ್ಮ ನಾಗರಾಜ ಹೇಳ್ದ, ಅಪ್ಪಾ, ಅವರು ಬಿಲಾಯತಿಯಿಂದ ಬಂದೋರು, ಅಲ್ಲಿ ಒಂದ್ಸಲ ಬ್ಯಾಡ ಅಂದ್ರೆ ಮುಗೀತು, ಒತ್ತಾಯ ಮಾಡಿದ್ರೆ ಅವಮಾನ ಅಂತ. ಮನೆ ಮಂದಿಗೆಲ್ಲ ತಾಕೀತು ಮಾಡೀನಿ, ನಿಮಗೆ ಯಾರೂ ಎರಡನೇ ಸಲ ಕೇಳಂಗಿಲ್ಲ. ನಾವು ಉಂಡು ಬರ್ತೀವಿ, ನೀವು ಆರಾಮಾಗಿ ಪೇಪರ್ ಓದ್ರಿ."

ಕೈಗೆ ಪೇಪರು ಬಂತು. ಅವನು ಅದನ್ನು ತಲೆಕೆಳಗಾಗಿ ಹಿಡಿದು ಕೂತ. ತನ್ನ ಬಾಯಾರೆ ಎರಡನೆಯ ಸಲ ತಂಗಿಯ ಮದುವೆ ಬೇಡ ಎಂದಂತಾಯಿತಲ್ಲ ಎಂದು ಆಗ ಹೊಳೆಯಿತು. ಒಳಗೆ ಊಟ ಶುರುವಾಯಿತು. ಬಕ್ಕೇಶಪ್ಪನವರ ಮುದಿ ತಾಯಿ ಮೊಮ್ಮಗನಿಗೆ ಬಡಿಸುತ್ತಿದ್ದರು.

"ಇನ್ನೊಂದು ಹಾಕ್ಸಿಕೋ ನಾಗರಾಜ."

"ಬ್ಯಾಡ ಅಜ್ಜಿ."

"ಸಣ್ಣದೈತೆ, ಹಾಕ್ಸಿಕೋ."

"ಬ್ಯಾಡಜ್ಜಿ, ಸಾಕು."

"ನನ್ನಾಣೆ. ಕೈ ತೆಗಿ."

ಪಂಚಾಕ್ಷರಪ್ಪನ ಕಣ್ಣು ತುಂಬಿ ಬಂತು. ಹಸಿವಿಗೆ ಅರ್ಧ, ಇನ್ನರ್ಧ ಬೇರೆಯದಕ್ಕೆ. ಮಿಸೆಸ್ ಡಾಸನ್ ಕೆಟ್ಟ ಹೆಂಗಸಲ್ಲ. ಚಳಿಗಾಲದಲ್ಲಿ ತಾನೇ ಹೆಣೆದ ಉಣ್ಣೆಯ ಕಾಲುಚೀಲ ಕೊಟ್ಟಿದ್ದಳು. ಆದರೆ ಎರಡು ವರ್ಷಗಳಲ್ಲಿ ಒಂದು ದಿನವೂ ಯಾರೂ ಅವನ ಅಡ್ಡಗೈಯನ್ನು ಸರಿಸಿ ಬಡಿಸಿರಲಿಲ್ಲ. ತಾಯಿ, ಹೆಂಡತಿ, ಖತೀಜಾಬೀ, ಇಡೀ ಊರೇ ಹುಟ್ಟಿದಾರಭ್ಯ ಸರಿಸುತ್ತ ಬಂದಿತ್ತು. ಅದನ್ನು ಇವನು ಸಮಯ ಹಾಳು ಎಂದು ಕರೆದಿದ್ದ. ಎಂಥ ಪುಣ್ಯವಂತ ನಾನು, ಎಂಥ ಪೆದ್ದ ಎಂದುಕೊಂಡ.

ಪೇಪರು ಮಡಿಚಿಟ್ಟು ಎದ್ದ. ನಡುಮನೆಯ ಹೊಸ್ತಿಲಲ್ಲಿ ನಿಂತ. ಎಲ್ಲರ ಕೈ ತುತ್ತಿನಲ್ಲೇ ನಿಂತಿತು.

"ಯಜಮಾನ್ರೆ, ಇನ್ನೊಂದ್ಸಲ ಕೇಳ್ರಿ" ಎಂದ.

"ಏನಂತ್ರಿ?"

"ಊಟಕ್ಕೆ ಏಳ್ರಿ ಅಂತ."

ಬಕ್ಕೇಶಪ್ಪನವರು ಮಗನ ಮುಖ ನೋಡಿದರು. ಮೇಷ್ಟ್ರು ಓದಿದ ಪುಸ್ತಕದಲ್ಲಿ ಇದಿರಲಿಲ್ಲ. "ಊಟಕ್ಕೆ ಏಳ್ರಿ" ಎಂದರು ಅನುಮಾನದಿಂದಲೇ.

"ಬ್ಯಾಡ್ರಿ" ಎಂದುಬಿಟ್ಟ ಪಂಚಾಕ್ಷರಪ್ಪ.

ಬೇಕಂತಲೇ ಅಂದದ್ದಲ್ಲ. ಮನೆಯಲ್ಲಿ ಮಾಡಿದ ತಾಲೀಮು, ನಾಲಿಗೆ ತಾನಾಗಿ ಹೊರಳಿತು. ಹೊರಳಿದ ಮೇಲೆ ಅವನ ಮುಖ ಬಿಳಿಚಿತು. ಬಕ್ಕೇಶಪ್ಪನವರು "ಆತು ಬಿ..." ಎನ್ನುವಷ್ಟರಲ್ಲಿ ಮುದುಕಿ ಬುಟ್ಟಿ ಕೆಳಗಿಟ್ಟು, ಅವನ ರಟ್ಟೆ ಹಿಡಿದು ಎಳೆದು ಮೊಮ್ಮಗನ ಪಕ್ಕದಲ್ಲಿ ಕೂರಿಸಿದರು.

"ಹುಡುಗನ ಮುಖ ನೋಡಿದ್ರೆ ಗೊತ್ತಾಗಲ್ವೇನೋ ಬಕ್ಕೇಶಿ? ಹಸಿದೈತೆ ಕೂಸು. ಬ್ಯಾಡ ಅಂದ್ರೆ ಬಿಡಾಕೆ ಇದೇನು ಬಿಲಾಯತಿಯಾ?"

ಅವನು ಒಂಬತ್ತು ಹೋಳಿಗೆ ತಿಂದ. ಏಳರ ತನಕ ಹಸಿವಿಗೆ, ಎಂಟನೆಯದು ಸಂಬಂಧಕ್ಕೆ, ಒಂಬತ್ತನೆಯದು ಮುದುಕಿಯ ಆಣೆಗೆ. ನಾಗರಾಜ ತಲೆ ತಗ್ಗಿಸಿ ನಗುತ್ತಿದ್ದ. ಕೈ ತೊಳೆಯುವ ಹೊತ್ತಿಗೆ ಬಕ್ಕೇಶಪ್ಪನವರು ಲಗ್ನಕ್ಕೆ ಯಾವ ತಿಂಗಳು ಅನುಕೂಲ ಎಂದು ಮಾತು ತೆಗೆದಿದ್ದರು. ಹೊರಡುವಾಗ ಇವನು ಮೂರು ಸಲ "ಬರ್ತೀನ್ರಿ" ಎಂದು ಮೂರು ಸಲವೂ ಕೂತ. ನಾಲ್ಕನೆಯದಕ್ಕೆ ಎದ್ದ, ಸಲೀಸಾಗಿ ಅಲ್ಲ.

ದಾವಣಗೆರೆಯಲ್ಲಿ ಜಮಾಲುದ್ದೀನನ ಜಟಕಾದಿಂದ ಇಳಿಯುವಾಗ ಅವನ ನಡಿಗೆ ನೋಡಿಯೇ ಮನೆಯವರಿಗೆ ಶುಭವಾರ್ತೆ ತಿಳಿಯಿತು. ಸುದ್ದಿಯನ್ನು ಬಾಯಿಂದ ಹೇಳುವ ಮೊದಲೇ ಮಣೆ ಹಾಕಿ, ತಟ್ಟೆ ಇಟ್ಟು, ತಾಯಿ ಮತ್ತೆ ಮಾಡಿದ್ದ ಹೋಳಿಗೆ ಬುಟ್ಟಿ ಬಂದಾಗಿತ್ತು. ಪಕ್ಕದಲ್ಲಿ ಖತೀಜಾಬೀ ಎರಡನೆಯ ಲೋಟ ಚಾ ಕುಡಿಯುತ್ತಿದ್ದರು.

"ಬಾಯಿ ಸಿಹಿ ಮಾಡ್ಕೋಪ್ಪ" ಎಂದರು ತಾಯಿ.

"ಬ್ಯಾಡವ್ವ. ನಿಜವಾಗ್ಲೂ ಬ್ಯಾಡ. ಕುತ್ತಿಗೆ ತನಕ ಐತೆ."

"ನೋಡ್ರಿ ಅತ್ತೆ, ಎಷ್ಟು ಚೆನ್ನಾಗಿ ಅನ್ನಾಕೆ ಕಲಿತಾರೆ" ಎಂದಳು ಶಕುಂತಲಮ್ಮ. ಬಹುವಚನ ಮರಳಿತ್ತು.

"ತಾಲೀಮಿನ ಬ್ಯಾಡ ಅಲ್ಲ ಕಣೆ, ಇದು ಖರೆ ಬ್ಯಾಡ" ಎಂದು ಅವನು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. ಇಂಗ್ಲಿಷಿನಲ್ಲೂ ಒಂದು ಸಲ ಹೇಳಿ ನೋಡಿದ. ಯಾರೂ ನಂಬಲಿಲ್ಲ.

ಆಗ ಹಾಲಮ್ಮ ತಾಯಿಯ ಕೈಯಿಂದ ಬುಟ್ಟಿ ತೆಗೆದುಕೊಂಡು ಅವನ ಮುಂದೆ ಕೂತಳು. ನಾಲ್ಕು ದಿನದ ಮೇಲೆ ಮೊದಲ ಬಾರಿಗೆ ಬಾಯಿ ಬಿಟ್ಟಳು.

"ಇಂಗ್ಲಿಷಿಂದು ಬಿಟ್ರೆ ಮೂರೇ ಬ್ಯಾಡ ಆಗ್ಯಾವೆ ಅಣ್ಣ, ಇನ್ನೊಂದು ಐತೆ" ಎಂದು ಅವನ ಕೈ ಸರಿಸಿ, ತಟ್ಟೆಗೆ ಎರಡು ಹೋಳಿಗೆ ಹಾಕಿ, ಮೇಲೆ ಒಂದು ಸೌಟು ತುಪ್ಪ ಸುರಿದಳು.

ಪಂಚಾಕ್ಷರಪ್ಪ ತಟ್ಟೆ ನೋಡಿದ, ತಂಗಿಯ ಮುಖ ನೋಡಿದ, ಅಂಗಿಯ ಕೆಳಗಿನ ಗುಂಡಿ ಬಿಚ್ಚಿಕೊಂಡ.

"ನಿನ್ನ ಮಾತು ಮೀರಾಕಾಗುತ್ತಾ" ಎಂದು ಹೋಳಿಗೆ ಮುರಿದ.