ಬೂದು ಬೆಳ್ಳಕ್ಕಿ

‘ಪಾಸ್‌ವರ್ಡ್ ತಪ್ಪಾಗಿದೆ’ ಎಂದು ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದಾಗ ಬೀಗದ ಕ್ವಾಂಗ್ ಅದನ್ನು ನಂಬಲಿಲ್ಲ. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಹೊಡೆದ ಪಾಸ್‌ವರ್ಡು ಅದು. ತಲೆ ಮರೆತರೂ ಬೆರಳು ಮರೆಯುವಂತಿರಲಿಲ್ಲ. ಮತ್ತೆ ಹೊಡೆದ. ಮತ್ತೆ ಕೆಂಪು. ಹದಿನೇಳನೇ ಸಲಕ್ಕೆ ಯಂತ್ರಕ್ಕೇ ಸಿಟ್ಟು ಬಂದು, ನಾಳೆಯವರೆಗೆ ಈ ಕಡೆ ತಲೆ ಹಾಕಬೇಡ ಎಂದು ಬಾಗಿಲು ಮುಚ್ಚಿಕೊಂಡಿತು.

ಹಾನ್‌ಕೌ ಊರಿನ ಆ ಓಣಿಯಲ್ಲಿ ಕ್ವಾಂಗ್ ತೆಗೆಯದ ಬೀಗವಿರಲಿಲ್ಲ. ಸೈಕಲ್ಲಿನದು, ಮನೆಯದು, ಗಂಡನನ್ನು ಹೊರಗೆ ಹಾಕಿ ಹೆಂಡತಿ ಜಡಿದದ್ದು, ಎಲ್ಲ ಅವನ ಮುಂದೆ ಬಾಯಿಬಿಡುತ್ತಿದ್ದವು. ಈಗ ನಲವತ್ಮೂರನೇ ವಯಸ್ಸಿನಲ್ಲಿ, ಸ್ವಂತ ಮನೆಯ ಹೊರಗೆ ನಿಂತವನ ಹಾಗೆ, ಕೈ ಚೆಲ್ಲಿ ಕೂತ.

“ಏನ್ ಮೇಸ್ತ್ರಿ, ಬೆಳ್ಳಕ್ಕಿ ಹಾರಿಹೋಯ್ತಾ?” ನೆಟ್ ಸೆಂಟರಿನ ಪಿ ಗಲ್ಲಾದಿಂದಲೇ ಕೂಗಿದ.

“ಮೆಲ್ಲಗೆ ಮಾತಾಡೋ!” ಎಂದ ಕ್ವಾಂಗ್. ಆದರೆ ಅಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯ ಗೊಂಗ್, ಒಂದು ಕೆನ್ನೆಯಷ್ಟೇ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಕತ್ತಿ ಹಿಡಿದುಕೊಂಡೇ ಒಳಗೆ ಬಂದಿದ್ದ.

ಬೆಳ್ಳಕ್ಕಿ ಅಂದರೆ ಊರಿಗೆಲ್ಲ ಗೊತ್ತು. ಹತ್ತು ವರ್ಷದ ಹಿಂದೆ ಐದು ಜನ ಸೇರಿ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಶುರು ಮಾಡಿದ ಕಂಪನಿ. ಕಂಪ್ಯೂಟರಿನ ಮುಂದೆ ಕೂತು ಮುಖ ಕಾಣದವರ ಜೊತೆ ಹರಟೆ ಹೊಡೆಯಬಹುದು ಅಂದಾಗ ಜನ ನಕ್ಕಿದ್ದರು. ಈಗ ಅದಕ್ಕೆ ನದಿಯಾಚೆ ಮೂವತ್ತೆಂಟು ಮಹಡಿ. ಹರಟೆ, ಸುದ್ದಿ, ಹಾಡು, ಪಕ್ಕದವರ ನಕಲಿ ಹೊಲದಿಂದ ನಕಲಿ ಕೋಸು ಕದಿಯುವ ಆಟ, ಎಲ್ಲ ಅದರದೇ. ಗೆಳೆಯ ಯಂತ್ರದ ಮುಂದಿದ್ದರೆ ಅವನ ಹೆಸರಿನ ಪಕ್ಕದ ಹಕ್ಕಿ ಬೆಳ್ಳಗಿರುತ್ತದೆ, ಇಲ್ಲದಿದ್ದರೆ ಬೂದು.

ಕ್ವಾಂಗ್‌ನ ಪಟ್ಟಿಯಲ್ಲಿದ್ದದ್ದು ಒಂದೇ ಹಕ್ಕಿ. ಹೆಸರು ‘ಹಸಿರು ಛತ್ರಿ’. ಎಂಟು ವರ್ಷದಿಂದ ಬೂದು.

ಚಿಂಗ್‌ದಾವೊ ಊರಿನ ಆ ಹೆಂಗಸಿನ ಜೊತೆ ಅವನು ಒಂದು ವಸಂತ, ಒಂದು ಬೇಸಿಗೆ ಪೂರ್ತಿ ಮಾತಾಡಿದ್ದ. ತಾನು ಭದ್ರತಾ ಎಂಜಿನಿಯರ್ ಎಂದು ಹೇಳಿಕೊಂಡಿದ್ದ. ಬೀಗವೂ ಭದ್ರತೆಯೇ ತಾನೆ ಎಂದು ಮನಸ್ಸನ್ನು ಒಪ್ಪಿಸಿಕೊಂಡಿದ್ದ. ಶರತ್ಕಾಲದಲ್ಲಿ ಅವಳು ಅವನನ್ನು ನೋಡಲೆಂದೇ ರೈಲು ಹತ್ತಿ ಬಂದಳು. ಕ್ವಾಂಗ್ ಸ್ಟೇಷನ್ನಿಗೆ ಹೋದ. ಗಡಿಯಾರದ ಕೆಳಗೆ ಹಸಿರು ಛತ್ರಿಯೊಂದನ್ನು ಕಂಡ. ಆಮೇಲೆ ಎಷ್ಟು ತಿಕ್ಕಿದರೂ ಹೋಗದ ಎಣ್ಣೆಮಸಿಯ ತನ್ನ ಉಗುರುಗಳನ್ನು ಕಂಡ. ಟಿಕೆಟ್ ಕೌಂಟರಿನ ಮರೆಯಲ್ಲಿ ನಿಂತೇ ಬಿಟ್ಟ. ಛತ್ರಿ ಎರಡು ಗಂಟೆ ಕಾದು ಹೊರಟುಹೋಯಿತು.

ಮರುದಿನದಿಂದ ಅವನು ಬರೆಯತೊಡಗಿದ. ‘ನಾನು ಎಂಜಿನಿಯರ್ ಅಲ್ಲ, ಬೀಗದವನು’ ಎಂದು ಮೊದಲ ದಿನ. ‘ಇವತ್ತು ಒಂದು ಮದುವೆ ಪೆಟ್ಟಿಗೆ ತೆಗೆದೆ, ಒಳಗೆ ಇಲಿ ಸಂಸಾರ ಹೂಡಿತ್ತು’ ಎಂದು ಇನ್ನೊಂದು ದಿನ. ‘ಮಳೆ ನಿಲ್ತಾನೇ ಇಲ್ಲ. ನಿಮ್ಮೂರಲ್ಲಿ ಸಮುದ್ರ ಹೇಗಿದೆ?’ ಎಂದು ಮತ್ತೊಂದು ದಿನ. ಒಂದಕ್ಕೂ ಉತ್ತರವಿಲ್ಲ. ಆದರೂ ದಿನಾ ಸೋಯಾ ಹಾಲು ಕುಡಿದು, ಪಿ ಹತ್ತಿರ ಹೋಗಿ, ಹಕ್ಕಿಯ ಬಣ್ಣ ನೋಡಿ, ಒಂದು ಸಾಲು ಬರೆದ ಮೇಲೇ ಅಂಗಡಿ ತೆಗೆಯುತ್ತಿದ್ದ.

ಇದು ಅವನ ಗುಟ್ಟು. ಅಂದರೆ ಓಣಿಗೆಲ್ಲ ಗೊತ್ತಿತ್ತು, ಗೊತ್ತಿದೆಯೆಂದು ಅವನಿಗೆ ಮಾತ್ರ ಗೊತ್ತಿರಲಿಲ್ಲ.

“ಕಳ್ಳತನ!” ಗೊಂಗ್ ತೀರ್ಪು ಕೊಟ್ಟ. “ಇವನ ಖಾತೆಯದು ಐದೇ ಅಂಕಿ ನಂಬರು ಕಣ್ರೋ. ಈಗಿನವರಿಗೆ ಹತ್ತಂಕಿ. ಇಂಥ ನಂಬರಿಗೆ ಜನ ಪ್ರಾಣ ಬಿಡ್ತಾರೆ.”

ಎಳ್ಳುಗೊಜ್ಜಿನ ಬಿಸಿ ನೂಡಲ್ಸ್ ಮಾರುವ ರುವಾನಕ್ಕ ಸೌಟು ಹಿಡಿದೇ ಬಂದಳು. “ನಂಬರ್ ಮನೆ ಹಾಳಾಗ್ಲಿ. ಒಳಗಿರೋ ಛತ್ರಿ ಗತಿ ಏನು?”

ಕ್ವಾಂಗ್‌ನ ಕಿವಿ ಮೆಣಸಿನಕಾಯಿಯಾಯಿತು. “ಯಾವ ಛತ್ರಿ?”

“ಅಯ್ಯೋ ಸುಮ್ನಿರಪ್ಪ. ಎಂಟು ವರ್ಷದಿಂದ ನಿನ್ನ ಮುಖ ನೋಡೇ ಆ ಹಕ್ಕಿ ಬಣ್ಣ ಹೇಳ್ತೀನಿ ನಾನು. ಏಳು, ಹೋಗೋಣ ಆ ಕಂಪನಿಗೆ.”

“ಬೇಡ ರುವಾನಕ್ಕ, ನಾನೊಬ್ಬನೇ ಹೋಗಿಬರ್ತೀನಿ.”

“ಒಬ್ಬನೇ ಹೋಗಿ ಏನ್ ಮಾಡ್ತೀಯ? ಸ್ಟೇಷನ್ನಿಗೂ ಒಬ್ಬನೇ ಹೋಗಿದ್ದೆ.”

ಕ್ವಾಂಗ್ ಎದ್ದ. ಪಿ ಸೆಂಟರನ್ನು ತಂಗಿಗೆ ಒಪ್ಪಿಸಿದ. ಗೊಂಗ್ ಗಿರಾಕಿಯ ಇನ್ನೊಂದು ಕೆನ್ನೆಯನ್ನು ಸಾಯಂಕಾಲಕ್ಕೆ ಮುಂದೂಡಿದ. ನಾಲ್ವರೂ ಬಸ್ಸು ಹತ್ತಿ ಯಾಂಗ್‌ತ್ಸೆ ಸೇತುವೆ ದಾಟಿದರು. ದಾರಿಯುದ್ದಕ್ಕೂ ಗೊಂಗ್ ಬಸ್ಸಿನವರಿಗೆಲ್ಲ ಕೇಸನ್ನು ವಿವರಿಸಿದ. ಕಡೇ ಸ್ಟಾಪಿನಲ್ಲಿ ಇಳಿಯುವಾಗ ಕಂಡಕ್ಟರ್ ಹೆಂಗಸು ಕ್ವಾಂಗ್‌ನ ತೋಳು ಮುಟ್ಟಿ, “ಧೈರ್ಯ ತಗೊಳ್ಳಿ ಅಣ್ಣ, ಸಿಕ್ತಾರೆ” ಅಂದಳು. ಕ್ವಾಂಗ್‌ಗೆ ಬಸ್ಸಿನ ಗಾಲಿಯಡಿ ಸೇರಿಕೊಳ್ಳೋಣ ಅನ್ನಿಸಿತು.

ಬೆಳ್ಳಕ್ಕಿ ಕಟ್ಟಡ ತಲೆ ಎತ್ತಿ ನೋಡಿದವರ ಟೋಪಿ ಬೀಳಿಸುವಷ್ಟು ಎತ್ತರವಿತ್ತು. ಒಳಗೆ ಹೋದರೆ ಗಾಜಿನ ಸಣ್ಣ ಕೋಣೆ. ಮೇಜಿನಾಚೆ ನಿಂಗ್ ಎಂಬ ಹುಡುಗಿ, ಈಗಷ್ಟೇ ಇಸ್ತ್ರಿ ಮಾಡಿದಂಥ ನಗು.

“ಕಳೆದ ನಂಬರು ವಾಪಸ್ ಬೇಕಂದ್ರೆ ನಿಮ್ಮನ್ನ ಬಲ್ಲ ಮೂರು ಜನ ಸಾಕ್ಷಿ ಹೇಳ್ಬೇಕು ಸರ್.”

“ನಾವೇ ಮೂರು ಜನ!” ಅಂದ ಗೊಂಗ್. “ಕೇಳಮ್ಮ ಏನು ಬೇಕೋ.”

“ಖಾತೆಯಲ್ಲಿ ಬರೆದಿರೋ ವಯಸ್ಸು?”

“ನಲವತ್ಮೂರು.”

“ತಪ್ಪು.”

ಕ್ವಾಂಗ್ ಕೆಮ್ಮಿದ. “ಇಪ್ಪತ್ತಾರು ಅಂತ... ಆಗ ಬರೆದಿದ್ದೆ.”

“ಆಗ ನಿನಗೆ ಮೂವತ್ತೈದು ಕಣೋ!” ಅಂದ ಗೊಂಗ್.

“ಎತ್ತರ?” ನಿಂಗ್ ಮುಂದುವರಿಸಿದಳು.

ಮೂವರೂ ಕ್ವಾಂಗ್‌ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಅಷ್ಟೇನೂ ದೂರದ ಪ್ರಯಾಣವಾಗಲಿಲ್ಲ. “ಇರೋದಕ್ಕೆ ಒಂದು ಗೇಣು ಸೇರಿಸ್ಕೊಳ್ಳಮ್ಮ,” ಅಂದಳು ರುವಾನಕ್ಕ. “ಪ್ರೀತಿಯಲ್ಲಿ ಬಿದ್ದೋರು ಸ್ವಲ್ಪ ಉದ್ದ ಆಗ್ತಾರೆ.”

ಅದು ಸರಿಯಾಗಿತ್ತು. ‘ಹವ್ಯಾಸ’ದ ಹತ್ತಿರ ಬಂದಾಗ, ಕ್ವಾಂಗ್ ಮೆಲ್ಲಗೆ ಹೇಳಿದ ‘ಪಿಟೀಲು’ ಎಂಬ ಉತ್ತರ ಕೇಳಿ ಗೊಂಗ್‌ಗೆ ನಗು ತಡೆಯಲಾಗಲಿಲ್ಲ. ಹಿಂದಕ್ಕೆ ವಾಲಿ ಬಾಗಿಲಿಗೆ ಬಡಿದ. ಗಾಜಿನ ಬಾಗಿಲು ಠಕ್ ಎಂದು ಕಚ್ಚಿಕೊಂಡಿತು.

ನಿಂಗ್‌ಳ ಇಸ್ತ್ರಿ ಸುಕ್ಕಾಯಿತು. “ಅಯ್ಯೋ, ಅದು ಕಾರ್ಡ್ ಇಲ್ದೆ ತೆಗೆಯಲ್ಲ. ನನ್ನ ಕಾರ್ಡು ಹೊರಗಿನ ಮೇಜಿನ ಮೇಲಿದೆ. ಫೋನೂ ಅಲ್ಲೇ!”

ಹತ್ತು ನಿಮಿಷ ಐವರೂ ಅಕ್ವೇರಿಯಮ್ಮಿನ ಮೀನುಗಳಂತೆ ಗಾಜಿಗೆ ಮೂಗೊತ್ತಿ ಬಾಯಿ ಆಡಿಸಿದರು. ಹೊರಗೆ ಓಡಾಡುವ ಒಬ್ಬನೂ ತಲೆ ಎತ್ತಲಿಲ್ಲ, ಎಲ್ಲರೂ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ಕಡೆಗೆ ಕ್ವಾಂಗ್ ಕೈ ಚಾಚಿ, “ರುವಾನಕ್ಕ, ತಲೆಪಿನ್ನು ಕೊಡಿ” ಅಂದ.

ಅರ್ಧ ನಿಮಿಷ. ಬಾಗಿಲು ತೆರೆಯಿತು. ಜೊತೆಗೆ ಮೂವತ್ತೆಂಟು ಮಹಡಿಯ ಗಂಟೆಗಳೂ ಬಾಯಿ ತೆರೆದವು. ಎಲ್ಲಿದ್ದರೋ, ಆರು ಜನ ಕಾವಲುಗಾರರು ಬಂದು ಕ್ವಾಂಗ್‌ನನ್ನು ಅನಾಮತ್ತಾಗಿ ಎತ್ತಿಕೊಂಡರು. “ಅವನು ಎಂಜಿನಿಯರ್ ಕಣ್ರಪ್ಪ!” ಎಂದು ರುವಾನಕ್ಕ ತಲೆ ಕೆದರಿಕೊಂಡು ಅವರ ಹಿಂದೆ ಓಡಿದಳು. “ಪಿಟೀಲು ನುಡಿಸ್ತಾನೆ!” ಎಂದು ಗೊಂಗ್ ಸಾಕ್ಷಿ ನುಡಿದ.

ಗದ್ದಲಕ್ಕೆ ಲಿಫ್ಟಿನಿಂದ ನರೆಗೂದಲಿನ ಹೆಂಗಸೊಬ್ಬಳು ಇಳಿದು ಬಂದಳು. ಕಾವಲುಗಾರರು ನೆಟ್ಟಗಾದರು. ಕಂಪನಿಯ ನಿರ್ದೇಶಕಿ ಲಿಯೆನ್. ಗಾಳಿಯಲ್ಲಿ ಕಾಲಾಡಿಸುತ್ತಿದ್ದ ಕ್ವಾಂಗ್‌ನನ್ನು ಅವಳು ದಿಟ್ಟಿಸಿ ನೋಡಿದಳು.

“ಟೈರ್ ಅಂಗಡಿ ಮಹಡಿ,” ಅಂದಳು ನಿಧಾನವಾಗಿ. “ಇದ್ದ ಒಂದೇ ಕೀ ವಾರಕ್ಕೊಂದು ಸಲ ಕಳೀತಿದ್ವಿ. ಬಂದು ಬಾಗಿಲು ತೆಗೀತಿದ್ದ ಮೇಸ್ತ್ರಿ ನೀವೇ ಅಲ್ವಾ? ನಿಮ್ಮ ಖಾತೆ ನಂಬರ್ ನಾನೇ ಬರೆದುಕೊಟ್ಟಿದ್ದು, ಸಿಗರೇಟ್ ಪ್ಯಾಕಿನ ಮೇಲೆ. ಇಳಿಸ್ರೋ ಅವರನ್ನ!”

ಆಮೇಲೆ ಚಹಾ ಬಂತು. ಸೋಫಾ ಬಂತು. ಗೊಂಗ್ ಕಾಲ ಮೇಲೆ ಕಾಲು ಹಾಕಿದ.

“ಆಗ ನಾವು ಐದು ಜನ,” ಎಂದು ಲಿಯೆನ್ ಚಹಾದ ಹಬೆ ನೋಡುತ್ತಾ ಹೇಳಿದಳು. “ಯಾರಾದ್ರೂ ಹೊಸಬರು ಬಂದ್ರೆ ಕೂಗಿ ಕುಣೀತಿದ್ವಿ. ಪ್ರತಿಯೊಬ್ಬರ ಹೆಸರೂ ಗೊತ್ತಿರ್ತಿತ್ತು. ಈಗ ದಿನಕ್ಕೆ ಲಕ್ಷಗಟ್ಟಲೆ ಬರ್ತಾರೆ. ನನ್ನ ಮಹಡೀಲೇ ಯಾರಿದ್ದಾರೆ ಅಂತ ಗೊತ್ತಿಲ್ಲ ಮೇಸ್ತ್ರಿ.” ಅವಳು ನಿಂಗ್ ಕಡೆ ತಿರುಗಿದಳು. “ಇವರಿಗೆ ಪೂರ್ತಿ ಶುದ್ಧಿ ಮಾಡಿಕೊಡು. ಕಳ್ಳ ಕಾಲಿಟ್ಟ ಗುರುತೂ ಉಳೀಬಾರದು.”

ನಿಂಗ್‌ಳ ಬೆರಳು ಕೀಲಿಮಣೆಯ ಮೇಲೆ ಕುಣಿದವು. “ಖಾತೆನ ನಿನ್ನೆ ಬೆಳಗಿನ ಸ್ಥಿತಿಗೆ ತಂದಿದೀನಿ ಸರ್. ಆಮೇಲೆ ಕಳ್ಳ ಮಾಡಿದ್ದೆಲ್ಲ ಅಳಿಸಿದೆ. ಅವನು ಬಂದ ಕಳ್ಳದಾರೀನೂ ಮುಚ್ಚಿದೀನಿ. ಇನ್ನು ನಿಮ್ಮ ಗುರುತಿನ ಚೀಟಿ ಇಲ್ದೆ ಯಾರ ಕೈಲೂ ತೆಗೆಯೋಕಾಗಲ್ಲ.”

ಪರದೆ ಬೆಳಗಿತು. ಎಂಟು ವರ್ಷದ ಸಾಲುಗಳು ಇದ್ದಲ್ಲೇ ಇದ್ದವು. ಕಡೆಯದು ನಿನ್ನೆ ಬೆಳಗಿನದು: ‘ಓಣಿಯ ಬಾಯಲ್ಲಿ ದಾಳಿಂಬೆ ಹೂ ಬಿಟ್ಟಿದೆ. ನೀವು ನೋಡಬೇಕಿತ್ತು.’ ಪಟ್ಟಿಯಲ್ಲಿ ಹಸಿರು ಛತ್ರಿ. ಹಕ್ಕಿ ಬೂದು. ಆದರೆ ಅದು ಅಲ್ಲಿತ್ತು. ಕ್ವಾಂಗ್ ಆ ಬೂದುಬಣ್ಣವನ್ನು, ಕಳೆದ ಮಗುವನ್ನು ಜಾತ್ರೆಯಲ್ಲಿ ಕಂಡವನಂತೆ ನೋಡಿದ.

“ಒಂದ್ ಮಾತು ಸರ್,” ನಿಂಗ್ ಹಿಂಜರಿದಳು. “ಈ ಹಸಿರು ಛತ್ರಿ ಅನ್ನೋರು ಅವರ ನಂಬರನ್ನ ಎಂಟು ವರ್ಷದ ಹಿಂದೇನೇ ರದ್ದು ಮಾಡ್ಕೊಂಡಿದ್ದಾರೆ. ಅಕ್ಟೋಬರ್‌ನಲ್ಲಿ. ರದ್ದಾದ್ರೂ ಪಟ್ಟೀಲಿ ಬೂದಾಗೇ ಕಾಣುತ್ತೆ. ನೀವು ಬರೆದಿದ್ದು ಒಂದೂ ಅವರಿಗೆ ಹೋಗಿಲ್ಲ. ಎಲ್ಲ ನಿಮ್ಮ ಖಾತೇಲೇ ಬಿದ್ದಿದೆ.”

ಗೊಂಗ್ ಕಾಲ ಮೇಲಿನ ಕಾಲನ್ನು ಇಳಿಸಿದ.

“ಹೋಗ್ಲಿ ಬಿಡಿ,” ಅಂದ ಕ್ವಾಂಗ್. ಏನಾದರೂ ಕೇಳಬೇಕಲ್ಲ ಎಂದು ಕೇಳಿದ: “ಆ ಕಳ್ಳ ಹೇಗೆ ಒಳಗೆ ಬಂದನಮ್ಮ? ಬೀಗ ಒಡೆದನಾ?”

“ಇಲ್ಲ ಸರ್, ಒಡೆದಿಲ್ಲ. ಪಾಸ್‌ವರ್ಡ್ ಮರೆತ್ರೆ ಅಂತ ಶುರುವಿನಲ್ಲಿ ನೀವೊಂದು ಪ್ರಶ್ನೆ ಇಟ್ಟಿದ್ರಿ. ಅದಕ್ಕೆ ಮೊದಲನೇ ಸಲಕ್ಕೇ ಸರಿಯುತ್ತರ ಕೊಟ್ಟಿದ್ದಾರೆ. ಹಾಗೆ ಬಂದೋರು ಹೊಸ ಪಾಸ್‌ವರ್ಡ್ ಇಡಲೇಬೇಕು, ಅದಕ್ಕೇ ನಿಮ್ಮ ಹಳೇದು ನಡೀಲಿಲ್ಲ.”

“ಯಾವ ಪ್ರಶ್ನೆ?”

“‘ನಿಮಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದು?’” ನಿಂಗ್ ತುಟಿ ಕಚ್ಚಿಕೊಂಡಳು. “ಉತ್ತರ: ‘ಹೆಬ್ಬಾತು’.”

ಗೊಂಗ್ ಮತ್ತು ಪಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. “ಬಾತುಕೋಳಿಗೆ ಹೆದರ್ತೀಯೇನೋ ಮೇಸ್ತ್ರಿ! ಇಷ್ಟು ವರ್ಷ ನಮಗೇ ಹೇಳಿಲ್ವಲ್ಲೋ!”

ಹೇಳಿರಲಿಲ್ಲ. ಆರನೇ ವಯಸ್ಸಿನಲ್ಲಿ ಕೆರೆಯ ದಂಡೆಯಲ್ಲಿ ಹೆಬ್ಬಾತೊಂದು ಅವನ ಚಡ್ಡಿ ಹಿಡಿದೆಳೆದ ಕತೆಯನ್ನು ಅವನು ಹೆತ್ತ ತಾಯಿಗೂ ಹೇಳಿರಲಿಲ್ಲ. ಇಡೀ ಲೋಕದಲ್ಲಿ ಒಬ್ಬಳಿಗೆ ಹೇಳಿದ್ದ. ಅವಳು ಪರದೆಯಾಚೆ ಕೂತು ಅರ್ಧ ಸಾಲಿನುದ್ದ ನಗು ಬರೆದಿದ್ದಳು.

“ಎಲ್ಲಿಂದ ಬಂದಿದ್ರು?” ಅವನ ದನಿ ಅವನಿಗೇ ಕೇಳಿಸಲಿಲ್ಲ.

“ಚಿಂಗ್‌ದಾವೊ. ಒಂದು ಲೈಬ್ರರಿಯ ಕಂಪ್ಯೂಟರು. ನಿನ್ನೆ ಮಧ್ಯಾಹ್ನ ಬಂದು, ಮೂರು ಗಂಟೆ ನಲವತ್ತು ನಿಮಿಷದಷ್ಟು ಹೊತ್ತು ಕೂತಿದ್ದಾರೆ. ವಿಚಿತ್ರ ಕಳ್ಳ ಸರ್, ಏನೂ ಕದ್ದಿಲ್ಲ. ನೀವು ಬರೆದಿದ್ದನ್ನೆಲ್ಲ ಮೊದಲಿಂದ ಕೊನೇವರೆಗೂ ತೆಗೆದು ಓದಿದ್ದಾರೆ. ಆಮೇಲೆ ಕೆಳಗೆ ಎರಡು ಸಾಲು ಬರೆದು, ಒಂದು ಫೋನ್ ನಂಬರ್ ಹಾಕಿ ಹೋಗಿದ್ದಾರೆ.”

“ಏನು ಬರೆದಿದ್ರು? ನಂಬರ್ ಏನು?”

ನಿಂಗ್ ಮುಖದಲ್ಲಿ ಹೆಮ್ಮೆಯೂ ಭಯವೂ ಒಟ್ಟಿಗೆ ಬಂದವು. “ಸರಿಯಾಗಿ ಓದದೇನೇ ಅಳಿಸಿಬಿಟ್ನಲ್ಲ ಸರ್. ಪೂರ್ತಿ ಶುದ್ಧಿ.”

“ತೆಗೀರಿ ವಾಪಸ್ಸು!”

ನಿಂಗ್ ಲಿಯೆನ್‌ಳನ್ನು ನೋಡಿದಳು. ಲಿಯೆನ್ ತಾನೇ ಕೂತು ಕೀಲಿಮಣೆ ಎಳೆದುಕೊಂಡಳು. ಒಂದು ಗಂಟೆ ಹುಡುಕಿದಳು. ಮೂರು ಮಹಡಿಯ ಎಂಜಿನಿಯರುಗಳನ್ನು ಕರೆಸಿದಳು, ನಿಜವಾದ ಎಂಜಿನಿಯರುಗಳು. ಅವರೆಲ್ಲ ಬಂದು ನೋಡಿ ತಲೆಯಾಡಿಸಿದರು.

“ಕ್ಷಮಿಸಿ ಮೇಸ್ತ್ರಿ,” ಅಂದಳು ಲಿಯೆನ್ ಕಡೆಗೆ, ಅವನ ಮುಖ ನೋಡದೆ. “ಆ ಟೈರ್ ಅಂಗಡಿ ಮೇಲಿದ್ದಾಗ ನಮ್ಮ ಕೆಲಸ ಇಷ್ಟು ಚೊಕ್ಕ ಇರ್ಲಿಲ್ಲ.”

“ಆ ಹಳೇ ಪ್ರಶ್ನೆನಾದ್ರೂ ಮತ್ತೆ ಇಡಿ. ಬಾಗಿಲು ಹಾಗೇ ಬಿಟ್ಟಿರ್ಲಿ. ಕಳ್ಳರು ಬರ್ಲಿ, ಪರವಾಗಿಲ್ಲ.”

“ಒಮ್ಮೆ ಕಳುವಾದ ನಂಬರಿಗೆ ಆ ದಾರಿ ಮತ್ತೆ ತೆಗೆಯೋಕೆ ಬರಲ್ಲ. ಯಂತ್ರಾನೇ ಬಿಡಲ್ಲ.”

ವಾಪಸು ಬಸ್ಸಿನಲ್ಲಿ ಕ್ವಾಂಗ್ ಕಿಟಕಿಯ ಪಕ್ಕ ಕೂತ. ಕೆಳಗೆ ನದಿ ಕಂದು ಬಣ್ಣದಲ್ಲಿ ಸುಮ್ಮನೆ ಸಮುದ್ರದ ಕಡೆ ಹೋಗುತ್ತಿತ್ತು. ಅವಳು ಓದಿದ್ದಾಳೆ, ಅಂದುಕೊಂಡ. ಇಲಿ ಸಂಸಾರ ಓದಿ ನಕ್ಕಿರಬೇಕು. ಇವತ್ತು ಇಡೀ ದಿನ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಇದ್ದಿರಬೇಕು. ಈಗಲೂ.

ಗೊಂಗ್‌ಗೆ ಇಡೀ ಸಂಗತಿಯ ಅರ್ಧ ಅರ್ಥವಾಗಿತ್ತು, ಅದೂ ತಪ್ಪು ಅರ್ಧ. ಗೆಳೆಯನ ಬೆನ್ನು ತಟ್ಟಿ ಹೇಳಿದ: “ನಗೋ ಮೇಸ್ತ್ರಿ! ನಂಬರು ಸಿಕ್ತು. ಮೂವತ್ತೆಂಟು ಮಹಡಿ ಸೇರಿ ಹಾಕಿರೋ ಬೀಗ. ಇನ್ನು ಯಾರೂ ಒಳಗೆ ಬರೋಕಾಗಲ್ಲ!”

ರುವಾನಕ್ಕ ಅವನ ತೊಡೆ ಚಿವುಟಿದಳು. ತಡವಾಗಿತ್ತು.

“ಹೌದು,” ಅಂದ ಕ್ವಾಂಗ್. “ಇನ್ನು ಯಾರೂ ಬರೋಕಾಗಲ್ಲ.”