ಮೀಸೆ ಹೋಗಿ ಪದವಿ ಬಂತು

ತೊಂದರೆ ಶುರುವಾದದ್ದು ನಾದಿನಿಯ ಮದುವೆಯ ಫೋಟೋದಿಂದ. ದರ್ಜಿಯ ಹೆಂಡತಿ ಬೆಳಿಗ್ಗೆ ಫೋನು ತೆರೆದು ನೋಡಿದರೆ, ಅವಳ ಪಕ್ಕದಲ್ಲಿ ಗಂಡ ಇರಬೇಕಾದ ಕಡೆ ಒಂದು ಹೂಕುಂಡ ನಿಂತಿತ್ತು. ಅವಳ ಕೈ ಆ ಹೂಕುಂಡದ ಹೆಗಲ ಮೇಲಿತ್ತು.

"ನೀವು ಮದುವೆಗೆ ಬಂದಿದ್ರಿ ತಾನೆ?"

"ಎರಡು ಪಂಕ್ತೀಲಿ ಊಟಕ್ಕೆ ಕೂತಿದ್ದೆನಲ್ಲೇ," ಎಂದ ದರ್ಜಿ.

ಕಾರಣ ಅವನ ಮೀಸೆ. ಹೊಲಿಗೆ ಮೆಷಿನಿನ ಹಿಡಿಯ ಹಾಗೆ ಎರಡೂ ಕಡೆ ಬಾಗಿದ ಅಂಥದೇ ಮೀಸೆ ದೇಶದ ಹಿಂದಿನ ಅಧ್ಯಕ್ಷರಿಗೂ ಇತ್ತು. ಅವರನ್ನು ಇಳಿಸಿ ಗದ್ದುಗೆ ಏರಿದ ಈಗಿನ ಅಧ್ಯಕ್ಷರು, ಹಿಂದೆ ಒಬ್ಬರು ಇದ್ದರೆಂಬುದನ್ನೇ ಅಳಿಸಿಹಾಕುವ ಗುತ್ತಿಗೆಯನ್ನು ದೊಡ್ಡದೊಂದು ಕಂಪನಿಗೆ ಕೊಟ್ಟಿದ್ದರು. ಶಾಲೆಯ ಪುಸ್ತಕದ ಪ್ರಕಾರ ಆ ವರ್ಷಗಳಲ್ಲಿ ದೇಶವನ್ನು ಯಾರೂ ಆಳಿರಲಿಲ್ಲ; ಸೇತುವೆಗಳು ತಾವಾಗಿಯೇ ಎದ್ದು ನಿಂತಿದ್ದವು. ಅವರ ಮುಖವನ್ನು ಫೋಟೋಗಳಿಂದ ತೊಳೆದುಹಾಕುವ ಹೊಸ ಸಾಫ್ಟ್‌ವೇರ್ ಹಿಂದಿನ ರಾತ್ರಿಯಷ್ಟೇ ಎಲ್ಲರ ಫೋನಿಗೂ, ಊರಿನ ಎಲ್ಲ ಬಾಗಿಲುಗಳಿಗೂ ಇಳಿದಿತ್ತು.

ಇದೇನೂ ತಿಳಿಯದ ದರ್ಜಿ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಹೋದ. ಮುಖ ನೋಡಿ ತೆರೆಯುವ ಗೇಟು ಅವನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿ ಯಾರೂ ಇಲ್ಲ," ಎಂದಿತು. ಇದ್ದೀನಲ್ಲಪ್ಪ ಎಂದು ಅವನು ಎಷ್ಟು ಹೇಳಿದರೂ ಅದು ಕೇಳಲಿಲ್ಲ. ಒಳಗಿನಿಂದ ಕಟಿಂಗ್ ಮಾಸ್ತರು ಕಿಟಕಿಗೆ ಬಂದು, ಮಧ್ಯಾಹ್ನದೊಳಗೆ ಒಳಗೆ ಬರದಿದ್ದರೆ ನಿನ್ನ ಮೆಷಿನಿಗೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಹೇಳಿ ಕಿಟಕಿ ಹಾಕಿಕೊಂಡರು.

ದರ್ಜಿ ಮನೆಗೆ ಬಂದಾಗ ಮೆಟ್ಟಿಲ ಮೇಲೆ ಅಕ್ಕಪಕ್ಕದವರ ಸಭೆ ಸೇರಿತ್ತು. ಕೆಳಮನೆಯ ದೊಡ್ಡಮ್ಮ ಮೂಗಿನವರೆಗೆ ಕರವಸ್ತ್ರ ಕಟ್ಟಿಕೋ ಎಂದರು. ಕಟ್ಟಿಕೊಂಡು ಹೋದರೆ ಗೇಟು ಕಳ್ಳ ಕಳ್ಳ ಎಂದು ಬೀದಿಗೆಲ್ಲ ಕೇಳುವಂತೆ ಅರಚಿತು. ನಾಯಿಗಳು ಅಟ್ಟಿಸಿಕೊಂಡು ಬಂದವು. ಪ್ಯಾಂಟಿನ ಒಂದು ಕಾಲು ಅವುಗಳ ಪಾಲಾಯಿತು. ಕೊನೆಗೆ ಎದುರುಮನೆಯ ನಿವೃತ್ತ ಇತಿಹಾಸದ ಮೇಷ್ಟ್ರು ಅವನನ್ನು ಮೂಲೆಗೆ ಕರೆದರು.

"ನಿಮ್ಮ ಮೀಸೆ ನೋಡಿದ್ರೆ ಯಾರೋ ಒಬ್ರು ನೆನಪಾಗ್ತಾರೆ. ಯಾರು ಅಂತ ನಂಗೊತ್ತಿಲ್ಲ. ಗೊತ್ತಿದ್ರೂ ಗೊತ್ತಿಲ್ಲ. ಬೋಳಿಸಿಬಿಡಿ."

ಮದುವೆಗೆ ಮುಂಚಿನಿಂದ ಸಾಕಿದ ಮೀಸೆ. ದರ್ಜಿ ಕಣ್ಣು ಮುಚ್ಚಿಕೊಂಡು ಬೋಳಿಸಿಕೊಂಡ. ಹೊರಗೆ ಬಂದಾಗ ಹೆಂಡತಿ ಗಳಿಗೆ ಹೊತ್ತು ನೋಡಿ, "ಇಷ್ಟು ವರ್ಷ ಇದನ್ನಾ ಮುಚ್ಚಿಟ್ಟಿದ್ರಿ?" ಎಂದಳು. ಅಷ್ಟರಲ್ಲಿ ಮೇಷ್ಟ್ರು ಯಾಕೋ ಬೆಚ್ಚಿಬಿದ್ದು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು.

ಈ ಸಲ ಗೇಟು ಒಂದೇ ನೋಟಕ್ಕೆ ತೆರೆಯಿತು. ತೆರೆದದ್ದಷ್ಟೇ ಅಲ್ಲ, ರಾಷ್ಟ್ರಗೀತೆ ಹಾಡಿ, "ಮಾನ್ಯ ಅಧ್ಯಕ್ಷರಿಗೆ ಸ್ವಾಗತ," ಎಂದಿತು. ಮೀಸೆ ತೆಗೆದ ದರ್ಜಿ ಈಗಿನ ಅಧ್ಯಕ್ಷರ ಪಡಿಯಚ್ಚಾಗಿದ್ದ. ಅವನು ಯಾರೆಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಕಂಪನಿಯ ಯಂತ್ರ ತಪ್ಪೆಂದವರಿಗೆ ಜೈಲು ಎಂಬ ಕಾನೂನೂ ಗೊತ್ತು. ಕಟಿಂಗ್ ಮಾಸ್ತರು ಕೊರಳಲ್ಲಿ ಟೇಪು ಜೋತಾಡುತ್ತಿರುವಂತೆಯೇ ಸಲಾಮು ಹೊಡೆದು, ತಮ್ಮ ಭಾವಮೈದುನನ ವರ್ಗಾವಣೆಯ ಮಾತೆತ್ತಿದರು. ದರ್ಜಿ, ನೋಡೋಣ ಎಂದು ಗಂಭೀರವಾಗಿ ಹೇಳಿ ಕಾಲರು ಹೊಲಿಯತೊಡಗಿದ.

ಅರ್ಧ ಕಾಲರು ಮುಗಿಯುವುದರೊಳಗೆ ಕಪ್ಪು ಕಾರುಗಳು ಬಂದು ನಿಂತವು. ಕಂಪನಿಯ ಎಂಜಿನಿಯರೂ ಪೊಲೀಸರೂ ಅವನನ್ನು ಎತ್ತಿ ಕಾರಿಗೆ ಹಾಕಿಕೊಂಡರು. ಕತ್ತು ಉಳಿದರೆ ಸಾಕು ಎಂದು ದರ್ಜಿ ದಾರಿಯುದ್ದಕ್ಕೂ ಕಾಲರು ಹಿಡಿದುಕೊಂಡೇ ಕೂತಿದ್ದ.

ಅಧ್ಯಕ್ಷರ ನಿವಾಸದ ಮುಂದೆ, ಬಿಸಿಲಲ್ಲಿ, ಸಾಕ್ಷಾತ್ ಅಧ್ಯಕ್ಷರು ಬೆವರುತ್ತ ನಿಂತಿದ್ದರು. ತೋಟದಲ್ಲಿ ಅಡ್ಡಾಡಲು ಹೊರಗೆ ಬಂದವರನ್ನು ಬಾಗಿಲು ಮತ್ತೆ ಒಳಗೆ ಬಿಟ್ಟಿರಲಿಲ್ಲ. ಅಧ್ಯಕ್ಷರು ಹೊಲಿಗೆ ಕಾರ್ಖಾನೆಯಲ್ಲಿದ್ದಾರೆ, ನೀವು ಯಾರು ಎಂದು ಕೇಳಿತ್ತಂತೆ. ಹೊಸ ಸಾಫ್ಟ್‌ವೇರಿನಲ್ಲಿ ಒಂದು ಮುಖಕ್ಕೆ ಒಬ್ಬನೇ ಮನುಷ್ಯ; ಹೊರಬಾಗಿಲಿನ ಕಣ್ಣಿಗೆ ಮೊದಲು ಬಿದ್ದವನೇ ಕೊನೆಯವರೆಗೂ ಖಾಯಂ.

"ಯಂತ್ರ ಸರಿಮಾಡ್ರಿ," ಎಂದರು ಅಧ್ಯಕ್ಷರು.

ಎಂಜಿನಿಯರ್ ಕೈ ಕಟ್ಟಿಕೊಂಡು ಹೇಳಿದ: "ತಪ್ಪಿದ್ರೆ ಸರಿಮಾಡ್ಬಹುದು ಸಾರ್. ಯಂತ್ರ ತಪ್ಪೇ ಮಾಡಲ್ಲ ಅಂತ ತಾವೇ ಕಾನೂನು ಮಾಡಿದೀರಿ. ತಪ್ಪು ಅಂತ ತಾವು ಅಂತೀರಾ?"

ಇಬ್ಬರು ಪೊಲೀಸರು ಬೇಡಿ ಸರಿಮಾಡಿಕೊಂಡರು. ನಾನೇನೂ ಅನ್ನಲಿಲ್ಲಪ್ಪ ಎಂದು ಅಧ್ಯಕ್ಷರು ಹಿಂದೆ ಸರಿದರು.

ಬೇಕಿದ್ದರೆ ಮತ್ತೆ ಮೀಸೆ ಬಿಡುತ್ತೇನೆ ಎಂದ ದರ್ಜಿ. ಯಂತ್ರಕ್ಕೆ ಈಗ ಇಬ್ಬರದೂ ಒಂದೇ ಮುಖ, ಹಾಗೆ ಮಾಡಿದರೆ ಅದು ಈ ಅಧ್ಯಕ್ಷರನ್ನೂ ಹಳಬರೆಂದು ತಿಳಿದು ಎಲ್ಲ ಕಡೆಯಿಂದ ಅಳಿಸಿಬಿಡುತ್ತದೆ ಎಂದ ಎಂಜಿನಿಯರ್. ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ಅವರೇ ದರ್ಜಿಯ ಮೇಲ್ದುಟಿಯನ್ನು ಬೆರಳಿಂದ ಸವರಿ, ದಿನಾ ಬೋಳಿಸಬೇಕು ಎಂದು ಅಪ್ಪಣೆ ಮಾಡಿದರು.

ದರ್ಜಿ ಮುಖವೊಡ್ಡಿದ, ಬಾಗಿಲು ತೆರೆಯಿತು. ಅವನ ಬೆನ್ನ ಹಿಂದೆ ಅಂಟಿಕೊಂಡು ಅಧ್ಯಕ್ಷರು ಒಳಗೆ ನುಸುಳಿದರು. ಇನ್ನು ನಿನಗೆ ಇಲ್ಲೇ ಕೆಲಸ ಎಂದು ಅಧಿಕಾರಿಯೊಬ್ಬ ಹೇಳಿದಾಗ ದರ್ಜಿಯ ಮುಖ ಅರಳಿತು. ಮೆಲ್ಲಗೆ ಸಂಬಳದ ಮಾತೆತ್ತಿದ. ಅಧಿಕಾರಿ ಯಂತ್ರವನ್ನು ಕೇಳಿದ. ಅಧ್ಯಕ್ಷರು ದೇಶಕ್ಕಾಗಿ ಸಂಬಳ ಬಿಟ್ಟಿದ್ದಾರೆ, ಬೇರೆ ಕಡೆ ದುಡಿಯುವಂತೆಯೂ ಇಲ್ಲ ಎಂದಿತು ಅದು. ಕಾರ್ಖಾನೆಯಲ್ಲಿ ಅವನ ಮೆಷಿನಿಗೆ ಆಗಲೇ ಬೇರೆಯವರು ಕೂತಿದ್ದರು.

ಕತ್ತಲಾಗುತ್ತ ಬಂತು. ಮನೆಗೆ ಹೊರಟ ದರ್ಜಿಯ ತೋಳನ್ನು ಯಾರೋ ಹಿಡಿದೆಳೆದರು. ನೋಡಿದರೆ ಅಧ್ಯಕ್ಷರು, ಕಾಲಿನ ಮೇಲೆ ಕಾಲು ಹಾಕಿ ಒತ್ತಿಕೊಂಡು ನಿಂತಿದ್ದರು.

"ರಾತ್ರಿನೂ ಇಲ್ಲೇ ಇರಪ್ಪ," ಎಂದರು ಸಣ್ಣ ದನಿಯಲ್ಲಿ. "ಕಕ್ಕಸಿನ ಬಾಗ್ಲೂ ಮುಖ ನೋಡೇ ತೆಗಿಯೋದು."