ಎದೆ ಢವಢವ ಅಂದ ಸಾಲಿ ದಿನಗಳು

ಬೇರೆ ನೌಕರಿಯವರು ಸಂಜೆ ಮನೆಗೆ ಹೋಗಿ ‘ಇವತ್ತೇನೂ ವಿಶೇಷ ಇಲ್ಲ’ ಎಂದು ಹೇಳಬಹುದು. ಸರಕಾರಿ ಶಾಲೆಯವರ ಬಾಯಿಂದ ಆ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. ನವಲಗುಂದ ತಾಲೂಕಿನಲ್ಲಿ ನಾನು ಸಿ.ಆರ್.ಪಿ. ಅಂದರೆ ಸುತ್ತಲಿನ ಊರುಗಳ ಸರಕಾರಿ ಶಾಲೆಗಳಿಗೆ ಸ್ಕೂಟಿ ಮೇಲೆ ಅಡ್ಡಾಡಿ, ಪಾಠ ನೋಡಿ, ಮಾಸ್ತರರ ಗೋಳು ಕೇಳಿ, ಎಲ್ಲವನ್ನೂ ತಾಲೂಕಿನ ಆಫೀಸಿಗೆ ಮುಟ್ಟಿಸುವವಳು. ಅದಕ್ಕೂ ಮೊದಲು ಬಹಳ ವರ್ಷ ನಾನೂ ಟೀಚರೇ. ಊರವರಿಗೆ ಈಗಲೂ ‘ಅಕ್ಕಾರ’. ಈ ಕೆಲಸದಲ್ಲಿ ನಗು ಬರುವುದು ಯಾವಾಗಲೂ ಆಮೇಲೆ. ಆ ಹೊತ್ತಿಗೆ ಬರುವುದು ಬರೇ ಬೆವರು.

ಹಳ್ಳದ ನಡುವೆ ಹಾಜರಿ

ಬೆಣ್ಣಿಹಳ್ಳಕ್ಕೆ ನಮ್ಮ ಊರಿನ ಮಳೆ ಬೇಕಾಗಿಲ್ಲ. ಮೇಲೆ ಹುಬ್ಬಳ್ಳಿ ಕಡೆ ಸುರಿದರೆ ಸಾಕು, ಇಲ್ಲಿ ಬಿಸಿಲಿದ್ದಾಗಲೇ ಸೇತುವೆ ಮೇಲೆ ನೀರು ಬಂದುಬಿಡುತ್ತದೆ. ಅವತ್ತು ಹಾಗೇ ಆಯಿತು. ಶಾಲೆ ಆಚೆ ದಂಡೆಯ ಏರಿನ ಮೇಲೆ. ಈಚೆ ದಂಡೆಯಲ್ಲಿ ನಾನು, ಆ ಶಾಲೆಯ ಹೆಡ್ ಮಾಸ್ತರರು, ಪಿ.ಟಿ. ಮಾಸ್ತರರು. ಹುಡುಗರು ಆಗಲೇ ಶಾಲೆಗೆ ಬಂದಿದ್ದರು. ನೀರು ನೋಡುವ ಹುರುಪಿನಲ್ಲಿ ಒಬ್ಬೊಬ್ಬರಾಗಿ ದಂಡೆಗೆ ಇಳಿಯುತ್ತಿದ್ದುದು ನಮಗೆ ಇಲ್ಲಿಂದಲೇ ಕಾಣುತ್ತಿತ್ತು. ಹೆಡ್ ಮಾಸ್ತರರು ‘ಹಿಂದ ಸರೀರೋ’ ಎಂದು ಗಂಟಲು ಹರಿಯುವ ಹಾಗೆ ಒದರಿದರು. ನೀರಿನ ಸಪ್ಪಳದಲ್ಲಿ ಹುಡುಗರಿಗೆ ಏನು ಕೇಳಿಸಿತೋ, ಖುಷಿಯಿಂದ ಕೈ ಬೀಸಿದರು.

ಬಾಜೂಕ್ಕೆ ನೋಡಿದರೆ ಪಿ.ಟಿ. ಮಾಸ್ತರರು ಫೋನನ್ನು ಮುಖದ ಮುಂದೆ ಹಿಡಿದು ಹಿಂದೆ ಮುಂದೆ ಓಡಾಡುತ್ತಿದ್ದಾರೆ. ಈಗ ನಮ್ಮ ಹಾಜರಿ ಫೋನಿನಲ್ಲಿ. ಮುಖ ತೋರಿಸಬೇಕು, ಅದೂ ಶಾಲೆಯ ಸಮೀಪ ಇದ್ದರೆ ಮಾತ್ರ ಒಪ್ಪುತ್ತದೆ. ವೇಳೆ ಮೀರಿದರೆ ಗೈರುಹಾಜರಿ.

“ಸರ್ರ, ಹುಡುಗರು ನೀರಿಗೆ ಇಳ್ಯಾಕತ್ತಾರ. ನಿಮಗ ಹಾಜರಿ ಚಿಂತಿ ಏನ್ರೀ?” ಎಂದೆ.

“ಎರಡೂ ಚಿಂತಿ ಅದಾವ್ರೀ ಅಕ್ಕಾರ. ಅದಕ್ಕ ಮುಖಾ ಹಿಂಗ ಕಾಣಾಕತ್ತೈತಿ, ಫೋನು ಗುರುತು ಹಿಡಿಯವಲ್ದು.”

ಅಷ್ಟರಲ್ಲಿ ಊರಿನ ಒಬ್ಬ ಕಾಕಾ ಟ್ರ್ಯಾಕ್ಟರ್ ತಂದ. ನೀರನ್ನು ಕಣ್ಣಳತೆಯಲ್ಲೇ ಅಳೆದು, “ಹತ್ರಿ. ನಡುವ ಯಾರೂ ಮಾತಾಡಬ್ಯಾಡ್ರಿ” ಎಂದ. ಮಡ್‌ಗಾರ್ಡ್ ಹಿಡಿದು ಮೂವರೂ ಹತ್ತಿದೆವು. ಸೇತುವೆಯ ನಟ್ಟನಡುವೆ ಎಂಜಿನ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಕೆಂಪು ನೀರು ಗಾಲಿಯನ್ನು ನೂಕುತ್ತಿದೆ. ಗಾಡಿ ಸಣ್ಣಗೆ ನಡುಗುತ್ತಿದೆ. ಹೆಡ್ ಮಾಸ್ತರರು ಕಣ್ಣು ಗಟ್ಟಿಯಾಗಿ ಮುಚ್ಚಿ ಶಿವಶಿವಾ ಅನ್ನುತ್ತಿದ್ದಾರೆ. ನಾನು ಮನೆಯವರನ್ನೆಲ್ಲ ಒಂದು ಸುತ್ತು ನೆನೆಸಿಕೊಂಡೆ.

ಆಗ ಪಿ.ಟಿ. ಮಾಸ್ತರರ ಫೋನು ಟಣ್ ಎಂದಿತು. ‘ಹಾಜರಾತಿ ದಾಖಲಾಗಿದೆ.’ ಫೋನಿನ ಲೆಕ್ಕದಲ್ಲಿ ಶಾಲೆಯ ಸರಹದ್ದು ಹಳ್ಳದ ನಡುವಿನಿಂದಲೇ ಶುರುವಾಗುತ್ತಿತ್ತು!

ಅದೇ ಹೊತ್ತಿಗೆ ಕಾಕಾನ ಎಂಜಿನ್ನೂ ಗುರ್ ಎಂದು ಹೊತ್ತಿಕೊಂಡಿತು. ಬದುಕಿದೆವು ಅನ್ನುವಷ್ಟರಲ್ಲಿ ಪಿ.ಟಿ. ಮಾಸ್ತರರು ಕೂಗಿದರು: “ತಡೀ ಕಾಕಾ, ಹೊಡೀಬ್ಯಾಡ! ಹೆಡ್ ಮಾಸ್ತರದ್ದು ಇನ್ನೂ ಆಗಿಲ್ಲ. ಸರ್ರ, ಕಣ್ಣು ತಗೀರಿ, ಕಣ್ಣು ಮುಚ್ಚಿದ್ರ ಫೋನು ಒಪ್ಪಂಗಿಲ್ಲ!”

ನಂಬರ್ ಇಲ್ಲದ ಅಭ್ಯರ್ಥಿ

ಹತ್ತನೇ ತರಗತಿಯ ಗಣಿತದ ಪರೀಕ್ಷೆ. ಈಗ ಪ್ರತಿ ಕೋಣೆಯಲ್ಲೂ ಕ್ಯಾಮೆರಾ. ಜಿಲ್ಲೆಯ ಆಫೀಸಿನಲ್ಲಿ ಕೂತವರು ಅಲ್ಲಿಂದಲೇ ನೋಡುತ್ತಾರೆ, ಒಬ್ಬ ಹುಡುಗ ಕುತ್ತಿಗೆ ತಿರುಗಿಸಿದರೂ ಕೇಂದ್ರದ ಮುಖ್ಯಸ್ಥರಿಗೆ ಫೋನ್ ಬರುತ್ತದೆ. ನನ್ನದು ಆ ಕೇಂದ್ರದಲ್ಲಿ ಮೇಲ್ವಿಚಾರಣೆ. ಮುಖ್ಯಸ್ಥರು ಬೆಳಿಗ್ಗೆಯಿಂದ ಚಹಾ ಕೂಡ ಕುಡಿದಿರಲಿಲ್ಲ; ಕೈ ನಡುಗಿದ್ದನ್ನು ಕ್ಯಾಮೆರಾ ನೋಡೀತು ಎಂಬ ಅಂಜಿಕೆ.

ಅರ್ಧ ತಾಸು ಕಳೆದಿರಬೇಕು. ನಾಲ್ಕನೇ ಕೋಣೆಯ ಕಿಟಕಿಯಿಂದ ಕರಿ ಮುಖದ ದೊಡ್ಡ ಮಂಗ್ಯಾ ಒಂದು ಒಳಗೆ ಜಿಗಿಯಿತು. ಗೈರುಹಾಜರಾಗಿದ್ದ ಹುಡುಗನ ಜಾಗ ಖಾಲಿ ಇತ್ತು. ಸೀದಾ ಹೋಗಿ ಅಲ್ಲಿ ಕೂತಿತು. ಕೋಣೆಗೆ ಕೋಣೆಯೇ ಉಸಿರು ಹಿಡಿಯಿತು. ಬಾಜೂ ಬೆಂಚಿನ ಹುಡುಗಿ ಪೆನ್ನು ಎತ್ತಿದ್ದು ಎತ್ತಿದಂತೇ. ಒಬ್ಬರು ಕಿರುಚಿ ಓಡಿದರೂ ಎಲ್ಲರೂ ಓಡುತ್ತಾರೆ, ಪೇಪರು ಹಾರುತ್ತವೆ, ಪರೀಕ್ಷೆ ಹೋದಂತೆಯೇ. ಕೋಣೆಯ ಟೀಚರು ಬಾಗಿಲಲ್ಲಿ ನಿಂತಿದ್ದ ನಮಗೆ ಕಣ್ಣಲ್ಲೇ ಕೈಮುಗಿದರು.

ಮುಖ್ಯಸ್ಥರ ಫೋನ್ ಗುಂಯ್‌ಗುಟ್ಟಿತು. ಜಿಲ್ಲೆಯಿಂದ. ಕ್ಯಾಮೆರಾದಲ್ಲಿ ಅವರಿಗೆ ತಲೆಯಷ್ಟೇ ಮಸುಕಾಗಿ ಕಾಣುತ್ತಿತ್ತೇನೋ. ದನಿ ನನಗೂ ಕೇಳುತ್ತಿತ್ತು.

“ನಾಲ್ಕನೇ ಕೋಣಿ, ಕಿಡಕಿ ಬಾಜೂ. ಅಂವ ಬರಿಯಾಕತ್ತಿಲ್ಲ, ಬರೇ ಮಂದಿ ಪೇಪರ್ ನೋಡಾಕತ್ತಾನ. ಯಾರ್ರೀ ಅಂವ?”

“ಸರ್, ಮಂಗ್ಯಾ ರೀ” ಎಂದರು ಮುಖ್ಯಸ್ಥರು ಪಿಸುಮಾತಿನಲ್ಲಿ.

“ಅಡ್ಡಹೆಸರು ಬ್ಯಾಡ್ರೀ. ರಜಿಸ್ಟರ್ ನಂಬರ್ ಹೇಳ್ರಿ.”

“ನಂಬರ್ ಇಲ್ರೀ ಸರ್.”

“ನಂಬರ್ ಇಲ್ದ ಒಳಗ ಹೆಂಗ ಬಿಟ್ರಿ?”

“ನಾವು ಬಿಟ್ಟಿಲ್ರೀ. ಕಿಡಕ್ಯಾಗಿಂದ ಬಂದೈತ್ರಿ.”

“ಕಿಡಕ್ಯಾಗಿಂದ! ಡಿಬಾರ್ ಮಾಡ್ರಿ ಅವನ್ನ, ಈಗಿಂದೀಗ!”

ಡಿಬಾರ್ ಮಾಡುವ ಪ್ರಸಂಗ ಬರಲಿಲ್ಲ. ಬೆಂಚಿನ ಮೇಲೆ ಉಳಿದಿದ್ದ ಪ್ರಶ್ನೆಪತ್ರಿಕೆಯನ್ನು ಅದು ಎರಡೂ ಕೈಯಿಂದ ಎತ್ತಿತು, ಮೂಸಿತು, ತಿರುಗಿಸಿ ಹಿಂದಿನ ಪುಟ ನೋಡಿತು. ಆಮೇಲೆ ಅದನ್ನು ಕೆಳಗೆ ಒಗೆದು, ಬಂದ ಕಿಟಕಿಯಿಂದಲೇ ಹೋಯಿತು. ಹುಡುಗರು ಒಂದೂ ಮಾತಾಡದೆ ಮತ್ತೆ ಬರೆಯತೊಡಗಿದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದ ಅಭಿಮಾನ ಅಷ್ಟಿಷ್ಟಲ್ಲ.

ಪರೀಕ್ಷೆ ಮುಗಿದ ಮೇಲೆ ಆ ಬಾಜೂ ಬೆಂಚಿನ ಹುಡುಗಿಯ ಬೆನ್ನು ತಟ್ಟಿ, “ಅಂಜಿಕಿ ಬರಲಿಲ್ಲೇನವಾ?” ಎಂದು ಕೇಳಿದೆ.

“ಅಂಜಿಕಿ ಅಲ್ರೀ ಅಕ್ಕಾರ, ಹೊಟ್ಟಿಕಿಚ್ಚು ಬಂತು. ಪೇಪರ್ ನೋಡಿದ ಕೂಡ್ಲೇ ಹೊರಗ ಹೋಗಾಕ ಅದಕ್ಕಷ್ಟ ಬಿಟ್ರಲ್ರೀ.”

ವ್ಯಾನಿನಾಗ ಒಂದು ಸೀಟು

ಅಣ್ಣಿಗೇರಿ ಕಡೆಯ ಒಂದು ಸಣ್ಣ ಶಾಲೆ. ಬಾಜೂ ಊರಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯಾದಾಗಿನಿಂದ ಅಲ್ಲಿಯ ಹಳದಿ ವ್ಯಾನು ದಿನಾ ಬೆಳಿಗ್ಗೆ ಬಂದು ನಮ್ಮ ಹುಡುಗರನ್ನು ತುಂಬಿಕೊಂಡು ಹೋಗುತ್ತದೆ. ಉಳಿದವರಿಗೆ ಅಡುಗೆ ಮಾಡುವ ಅವ್ವನಿಗೆ ಆ ವ್ಯಾನು ಕಂಡರೆ ಆಗುವುದಿಲ್ಲ.

ಒಂದು ದಿನ ನಾನು ಗೇಟಿನೊಳಗೆ ಕಾಲಿಡುತ್ತಿದ್ದಂತೆ ಅಡುಗೆ ಕೋಣೆಯಿಂದ ಕೂಗು ಕೇಳಿತು. ಅವ್ವ ಬೇಳೆ ತರಲೆಂದು ಅಕ್ಕಿ ಇಡುವ ಒಳಕೋಣೆಗೆ ಹೋಗಿದ್ದಳು. ಅವಳಿಗೂ ಬಾಗಿಲಿಗೂ ನಡುವೆ ನಾಗರಹಾವು ಹೆಡೆ ಎತ್ತಿತ್ತು. ಅವ್ವ ಅಕ್ಕಿ ಚೀಲದ ಮೇಲೆ ಹತ್ತಿ ಗೋಡೆಗೆ ಅಂಟಿಕೊಂಡಿದ್ದಳು. ಆ ಕೋಣೆಗೆ ಕಿಟಕಿಯೂ ಇಲ್ಲ.

ಹೆಡ್ ಮಾಸ್ತರರು ಹುಡುಗರನ್ನೆಲ್ಲ ಮೈದಾನದ ಆ ತುದಿಗೆ ಕಳಿಸಿದರು. ಹಾವು ಹಿಡಿಯುವವನಿಗೆ ಫೋನ್ ಮಾಡಿದೆವು. ಅವನು ಬರಲು ಹೊತ್ತು ಬೇಕು. ಹಾವು ಅಲ್ಲಾಡಲೊಲ್ಲದು, ಅವ್ವನ ಕಾಲು ನಡುಗುವುದು ನಿಲ್ಲಲೊಲ್ಲದು. ಚೀಲ ಜಾರಿದರೆ ಗತಿ ಏನು? ನಾನು ಹೊರಗಿನಿಂದ ಅವಳಿಗೆ ಧೈರ್ಯ ಹೇಳುತ್ತಿದ್ದೆ.

“ಯವ್ವಾ, ಅಳ್ಳಾಡಬ್ಯಾಡ. ಅಂಜಬ್ಯಾಡ. ಏನರ ಬೇಕೇನು?”

ಒಳಗಿನಿಂದ ಸಣ್ಣ ದನಿ: “ಒಲಿ ಮ್ಯಾಲಿನ ಸಾರು ತಳಾ ಹತ್ತತೈತಿ. ಹೆಡ್ ಮಾಸ್ತರಿಗೆ ತಿರುವಾಕ ಹೇಳ್ರಿ.”

ಹೆಡ್ ಮಾಸ್ತರರು ಒಂದು ಕಣ್ಣು ಹಾವಿನ ಮೇಲೆ, ಒಂದು ಕಣ್ಣು ಸಾರಿನ ಮೇಲೆ ಇಟ್ಟು ತಿರುವಿದರು. “ಉಪ್ಪು ಹಾಕಿಲ್ರೀ!” ಎಂದು ಮತ್ತೊಂದು ಹುಕುಂ ಬಂತು. ಉಪ್ಪೂ ಹಾಕಿದರು.

ಕಡೆಗೂ ಹಾವು ಹಿಡಿಯುವವನು ಮೋಟಾರ್ ಸೈಕಲ್ ಮೇಲೆ ಬಂದ. ಬಾಗಿಲಲ್ಲಿ ನಿಂತು ನೋಡಿ, ಕೋಲಿನ ಕೊಕ್ಕೆಯಿಂದ ಮೆಲ್ಲಗೆ ಎತ್ತಿ, ಚೀಲಕ್ಕೆ ಇಳಿಸಿದ. ಅವ್ವ ಕೆಳಗಿಳಿದವಳೇ ನೆಲದ ಮೇಲೆ ಕೂತುಬಿಟ್ಟಳು. ನೀರು ಕುಡಿಸಿದೆವು. ಹಾವಿನ ಚೀಲಕ್ಕೆ ಕೈಮುಗಿದಳು.

“ಇದನ್ನ ಯಾವ ಕಡೆ ಬಿಡ್ಲಿ?” ಎಂದು ಹಾವು ಹಿಡಿದವನು ಕೇಳಿದ.

ಯಾರೂ ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: “ಮುಂಜಾನೆ ಆ ಹಳದಿ ವ್ಯಾನ್ ಬರತೈತಲ್ಲ, ಅದರಾಗ ಕುಂದರ್ಸು. ನಮ್ಮ ಸಾಲ್ಯಾಗಿನ ಚಲೋ ಚಲೋವನ್ನೆಲ್ಲಾ ಅವ್ರ ಒಯ್ತಾರ, ಇದನ್ನೂ ಒಯ್ಯಲಿ.”

ಮಲ್ಲಿಕಾರ್ಜುನ ಕಳೆದ ದಿನ

ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೊದಲು ಅಂಜಿಕೆ, ಆಮೇಲೆ ನಗು.

ಜೂನ್ ತಿಂಗಳು, ಶಾಲೆ ಶುರುವಾದ ಹೊಸತು. ಒಂದನೇ ತರಗತಿಯ ಟೀಚರು ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದರು. ನಾನು ಅವತ್ತು ಆ ಶಾಲೆಗೆ ಹೋದವಳು, ಹೆಡ್ ಮಾಸ್ತರರು ಬೇಡಿಕೊಂಡರೆಂದು ಚಿಕ್ಕ ಮಕ್ಕಳ ಜೊತೆ ಕೂತೆ. ಊಟದ ಬಿಡುವು ಮುಗಿದ ಮೇಲೆ ಹೆಸರು ಕೂಗಿದೆ. ಎಲ್ಲರೂ ‘ಎಸ್ ಟೀಚರ್’ ಎಂದರು. ಮಲ್ಲಿಕಾರ್ಜುನ ಅನ್ನಲಿಲ್ಲ. ಮತ್ತೆ ಕೂಗಿದೆ. ಯಾರೂ ಇಲ್ಲ.

ಹೆಡ್ ಮಾಸ್ತರರನ್ನು ಕೇಳಿದೆ. ಅವರ ಮುಖ ಬಿಳುಪೇರಿತು. “ಮುಂಜಾನೆ ಅವರವ್ವ ತಂದು ಬಿಟ್ಟು ಹೋಗ್ಯಾಳ್ರೀ. ಇವತ್ತ ಹೊಸದಾಗಿ ಸೇರ್ಸಿದ್ವಿ. ನಾನ ಹಾಜರಿ ಹಾಕೇನಿ.”

“ಹುಡುಗ ಹೆಂಗ ಅದಾನ್ರೀ?”

“ಗೇಟಿನ್ಯಾಗಿಂದ ಓಡಿ ಹೋದ್ನ್ರೀ, ಬೆನ್ನಷ್ಟ ನೋಡೇನಿ.”

ತಲೆ ಎಣಿಸಿದರೆ ಲೆಕ್ಕ ಹತ್ತಲಿಲ್ಲ. ಅಕ್ಕಂದಿರ ಕೈ ಹಿಡಿದು ಬಂದ ಅಂಗನವಾಡಿ ಮಕ್ಕಳೂ ನಡುವೆ ಕೂತಿದ್ದವು. ಅಡುಗೆಯವರನ್ನು, ಗೇಟಿನ ಹೊರಗಿದ್ದ ಹಿರಿಯರನ್ನು ಕೇಳಿದೆವು. ಆ ಹೆಸರಿನ ಹುಡುಗ ಊರಲ್ಲಿ ಯಾರಿಗೂ ಗೊತ್ತಿಲ್ಲ. ತಾಯಿ ಈಚೆಗಷ್ಟೇ ಕೂಲಿಗೆಂದು ಊರಿಗೆ ಬಂದವಳಂತೆ, ತಂದೆಯ ಹೆಸರು ಹೇಳಿದರೂ ಯಾರಿಗೂ ಗುರುತು ಹತ್ತಲಿಲ್ಲ.

ಶಾಲೆಯ ಹಿಂದೆಯೇ ಹೊಲ. ಹೊಲದಲ್ಲಿ ಕೃಷಿ ಹೊಂಡ. ಹಿಂದಿನ ದಿನದ ಮಳೆಗೆ ಅರ್ಧ ತುಂಬಿತ್ತು. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಮೇಲೆ ಕಾಲಿಟ್ಟರೆ ದೊಡ್ಡವರೂ ಜಾರುತ್ತಾರೆ. ಯಾರೂ ಆ ಮಾತು ಆಡಲಿಲ್ಲ, ಎಲ್ಲರೂ ಅತ್ತಲೇ ನಡೆದೆವು. ಎರೆ ಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಗುತ್ತಿತ್ತು.

“ಮಲ್ಲಿಕಾರ್ಜುನಾ! ಏ ಮಲ್ಲಿಕಾರ್ಜುನಾ!”

ಹಿಂದೆ ನೋಡಿದರೆ ತರಗತಿಯಿಂದ ಒಬ್ಬ ಪುಟ್ಟ ಹುಡುಗ ತಪ್ಪಿಸಿಕೊಂಡು ನಮ್ಮ ಬೆನ್ನು ಹತ್ತಿದ್ದ. ಇನ್ನು ಇವನೊಬ್ಬ ಕಳೆದರೆ ನನ್ನ ಪ್ರಾಣವೇ ಹೋದೀತೆಂದು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವನೂ ಹುಡುಕಲು ನಿಂತ. ಬೇಲಿಯ ಸಂದಿಯಲ್ಲಿ ಇಣುಕಿದ, ಬಣವೆಯ ಸುತ್ತ ಬಂದ, ನಮ್ಮೆಲ್ಲರಿಗಿಂತ ಜೋರಾಗಿ “ಮಲ್ಲಿಕಾರ್ಜುನಾ” ಎಂದು ಒದರಿದ.

ಹೆಡ್ ಮಾಸ್ತರರು ಪ್ಯಾಂಟು ಮಡಚಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಹೊಂಡಕ್ಕೆ ಇಳಿದರು. ಈಜು ಬಾರದ ಮನುಷ್ಯ. ಕೋಲಿನಿಂದ ನೀರು ಕಲಕಿದರು. ಕೋಲಿಗೆ ಏನೋ ತಗುಲಿತು. ನಾನು ಕಣ್ಣು ಮುಚ್ಚಿದೆ. ಎತ್ತಿದರೆ ಹಳೆಯ ಗೊಬ್ಬರದ ಚೀಲ. ಹೆಡ್ ಮಾಸ್ತರರು ಅಲ್ಲೇ ನೀರಿನಲ್ಲಿ ನಿಂತು ಅತ್ತುಬಿಟ್ಟರು.

“ಅಳಬ್ಯಾಡ್ರಿ ಸರ್ರ” ಎಂದ ನನ್ನ ಕೈಯಲ್ಲಿದ್ದ ಹುಡುಗ. “ಸಿಗ್ತಾನ.” ಆ ಎಳೆ ಬಾಯಿಂದ ಬಂದ ಮಾತಿಗೆ ನನಗೂ ಕಣ್ಣು ತುಂಬಿತು. “ನಿನ್ನಂಥಾ ಶಾಣ್ಯಾ ಹುಡುಗರು ಇರಬೇಕಪ್ಪ” ಎಂದೆ.

ಪೊಲೀಸರಿಗೆ ಫೋನ್ ಮಾಡೋಣ ಎಂದು ಶಾಲೆಯ ಕಡೆ ತಿರುಗಿದೆವು. ಶಾಲೆ ಬಿಡುವ ಹೊತ್ತಾಗಿತ್ತು. ಎದುರಿನಿಂದ ಕಳೆ ತೆಗೆಯುವ ಕುರ್ಚಿಗಿ ಹಿಡಿದ ಹೆಣ್ಣುಮಗಳೊಬ್ಬಳು ಹೊಲದ ಕೆಲಸ ಮುಗಿಸಿ ಬರುತ್ತಿದ್ದಳು. ಹೆಡ್ ಮಾಸ್ತರರು ಗಕ್ಕನೆ ನಿಂತು ನನ್ನ ಕಿವಿಯಲ್ಲಿ, “ಅಕ್ಕಾರ, ಅವರವ್ವ” ಎಂದರು. ಮಗನನ್ನು ಕಳೆದಿದ್ದೇವೆ ಎಂದು ತಾಯಿಗೆ ಯಾವ ಬಾಯಲ್ಲಿ ಹೇಳಲಿ? ಆದರೂ ಮುಂದೆ ಹೋದೆ.

“ತಂಗೀ, ಸ್ವಲ್ಪ ಧೈರ್ಯಾ ತಗೋ…” ಎಂದು ಶುರು ಮಾಡಿದೆ.

ಅವಳು ನನ್ನನ್ನು ನೋಡಲೇ ಇಲ್ಲ. ನನ್ನ ಕೈಯಲ್ಲಿದ್ದವನನ್ನು ನೋಡಿದಳು. “ಲೇ ಗುಂಡ್ಯಾ! ಸಾಲಿ ಬಿಟ್ಟು ಇಲ್ಲೇನ್ ಮಾಡಾಕತ್ತೀಯೋ? ಮೈಯೆಲ್ಲಾ ಕೆಸರು!”

“ಮಲ್ಲಿಕಾರ್ಜುನ ಅಂತ ಯಾವನೋ ಕಳದಾನಂತ ಬೇ ಯವ್ವಾ. ಹುಡಕಾಕತ್ತೇವಿ.”

ತಾಯಿ ಅವನ ತಲೆಗೆ ಮೆಲ್ಲಗೆ ಮೊಟಕಿದಳು. “ಅದು ನಿನ್ನ ಹೆಸರೋ ಬಾಡ್ಯಾ! ಸಾಲ್ಯಾಗ ಅದ ಬರಸೇನಿ.”

ಹುಡುಗ ಅವಳ ಮುಖ ನೋಡಿದ. ಹೊಂಡದ ನೀರು ಸುರಿಸುತ್ತ ನಿಂತಿದ್ದ ಹೆಡ್ ಮಾಸ್ತರರ ಮುಖ ನೋಡಿದ. ಕಡೆಗೆ ನಾನು ಇನ್ನೂ ಗಟ್ಟಿಯಾಗಿ ಹಿಡಿದಿದ್ದ ಕೈ ಜಗ್ಗಿ ಕೇಳಿದ:

“ಹಂಗಾರ ನಾ ಸಿಕ್ಕೆನೇನ್ರೀ?”